ಮನೆಯಲ್ಲೇ ಬ್ಯಾಂಕ್ ಆಟ ಆಡಿ ಎಲ್‌ಸಿ ಕಲಿತೆ

ಪಾಂಡವಪುರದ ಹತ್ತಿರ ನಮ್ಮ ಆಲೆಮನೆ. ಬೆಲ್ಲ ಕಾಯಿಸೋದು ಅಪ್ಪನಿಂದ ಬಂತು, ಆದರೆ ಅದನ್ನ ಹೊರದೇಶಕ್ಕೆ ಕಳಿಸೋ ಕಾಗದ ತುಂಬೋದನ್ನ ಯಾರೂ ಕಲಿಸಲಿಲ್ಲ. ಅದರಲ್ಲೂ ಎಲ್‌ಸಿ, ಅಂದ್ರೆ ಕಾಗದವೆಲ್ಲ ಸರಿಯಿದ್ರೆ ದುಡ್ಡು ಕೊಡ್ತೀವಿ ಅಂತ ಕೊಳ್ಳೋನ ಬ್ಯಾಂಕು ಕೊಡೋ ಲೆಟರ್ ಆಫ್ ಕ್ರೆಡಿಟ್. ಬೆಂಗಳೂರಲ್ಲಿ ಹದಿನೆಂಟು ಸಾವಿರ ಕೊಟ್ಟು ಎರಡು ದಿನದ ಎಕ್ಸ್‌ಪೋರ್ಟ್ ಕೋರ್ಸ್ ಮಾಡಿದೆ. ಊಟ ಚೆನ್ನಾಗಿತ್ತು.

ಐಇಸಿ, ಎಡಿ ಕೋಡ್, ಎಲ್‌ಯುಟಿ ಅನ್ನೋ ಶುರುವಿನ ನೋಂದಣಿ, ತೆರಿಗೆ ಕಾಗದಗಳ ಕತೆ ಬಿಡ್ತೀನಿ. ನಾನು ಮೊದಲು ಬಿದ್ದಿದ್ದು 2021ರಲ್ಲಿ. ಒಂದು ಇಪ್ಪತ್ತಡಿ ಕಂಟೇನರ್ ಬೆಲ್ಲದ ಪುಡಿ, ದುಬೈನ ಜೆಬೆಲ್ ಅಲಿ ಬಂದರಿಗೆ. ಪಾರ್ಟಿ, ಅಂದ್ರೆ ಕೊಳ್ಳೋನು, ಸಿಐಎಫ್ ರೇಟ್ ಕೇಳಿದ. ಅಲ್ಲಿನ ಬಂದರಿನವರೆಗೆ ಹಡಗಿನ ಬಾಡಿಗೆ, ವಿಮೆ ಎಲ್ಲಾ ಸೇರಿಸಿದ ರೇಟ್ ಅದು. ಹಿಂದಿನ ತಿಂಗಳ ಬಾಡಿಗೆ ನೋಡಿ 400 ಡಾಲರ್ ಹಿಡಿದು ಹೇಳಿಬಿಟ್ಟೆ. ಆ ವರ್ಷ ಕಂಟೇನರ್ ಬಾಡಿಗೆ ಹೇಗೆ ಏರಿತು ಅಂತ ನೆನಪಿದೆ ಅಲ್ವಾ? ಬುಕ್ ಮಾಡೋ ಹೊತ್ತಿಗೆ 1,100 ಹತ್ತಿರ. ಐವತ್ತು ಸಾವಿರ ಚಿಲ್ಲರೆ ಕೈಯಿಂದ ಹೋಯ್ತು. ಆಮೇಲಿಂದ ಎಫ್‌ಒಬಿ, ಅಂದ್ರೆ ಇಲ್ಲಿನ ಬಂದರಿನಲ್ಲಿ ಹಡಗಿಗೆ ಹಾಕೋವರೆಗಿನ ರೇಟ್ ಬಿಟ್ಟು ಮಾತಾಡಲ್ಲ.

ಎರಡನೇದು ಇನ್ನೂ ಕೆಟ್ಟದ್ದು. ಎಲ್‌ಸಿಯಲ್ಲಿ ‘ಕೇನ್ ಜಾಗರಿ ಪೌಡರ್’ ಅಂತಿತ್ತು. ನಮ್ಮ ಇನ್‌ವಾಯ್ಸಲ್ಲಿ ಬರೀ ‘ಜಾಗರಿ ಪೌಡರ್’. ಒಂದು ಪದ! ಬ್ಯಾಂಕು ನೋಡೋದು ಕಾಗದ, ಬೆಲ್ಲ ಅಲ್ಲ. ಯುಸಿಪಿ 600 ಅಂತ ಎಲ್‌ಸಿಗೆ ಬ್ಯಾಂಕುಗಳು ಪಾಲಿಸೋ ಅಂತಾರಾಷ್ಟ್ರೀಯ ನಿಯಮ ಇದೆ, ಅದರ ಪ್ರಕಾರ ಇನ್‌ವಾಯ್ಸಲ್ಲಿ ಸರಕಿನ ವಿವರ ಎಲ್‌ಸಿಗೆ ಹೊಂದಲೇಬೇಕು. ಬೇರೆ ಕಾಗದಗಳಲ್ಲಿ ಸ್ವಲ್ಪ ಸಡಿಲ ಇದೆ, ಇನ್‌ವಾಯ್ಸಲ್ಲಿ ಇಲ್ಲ. ತಪ್ಪಿನ ಚಾರ್ಜು ಎಂಬತ್ತು ಡಾಲರ್. ಅದು ಹೋಗಲಿ ಅನ್ನಬಹುದು. ಆದರೆ ಕಾಗದದಲ್ಲಿ ತಪ್ಪು ಸಿಕ್ಕಮೇಲೆ ದುಡ್ಡು ಬರೋದು ಪಾರ್ಟಿ ಒಪ್ಪಿದರೆ ಮಾತ್ರ. ಸರಕು ಆಗಲೇ ಬಂದರಿನಲ್ಲಿ ಕೂತಿದೆ, ದಿನಕ್ಕೆ ಬಾಡಿಗೆ ಏರ್ತಿದೆ. ಅವನು ಆರಾಮಾಗಿ ಶೇ. 4 ಇಳಿಸು ಅಂದ. ಇಳಿಸಿದೆ. ಇನ್ನೊಂದು ನಲವತ್ತೈದು ಸಾವಿರ.

ಆಗ ಶುರುವಾಯ್ತು ನಮ್ಮ ಆಟ. ಎಲ್‌ಸಿ ಬಂದ ರಾತ್ರಿಯೇ ಎಲ್ಲಾ ಕಾಗದಗಳನ್ನ ಕೈಯಲ್ಲಿ ಸುಳ್ಳುಸುಳ್ಳೇ ಬರೀತೀನಿ. ಸರಕು ಹತ್ತಿಸಿಕೊಂಡಿದ್ದಕ್ಕೆ ಹಡಗಿನವರು ಕೊಡೋ ಬಿಲ್ ಆಫ್ ಲೇಡಿಂಗ್ ಕೂಡ. ತಂಗಿಯೇ ಬ್ಯಾಂಕು. ಅವಳು ಎಲ್‌ಸಿಯ 46ಎ ಸಾಲು ಹಿಡಿದು ಯಾವ ಕಾಗದ, ಎಷ್ಟು ಪ್ರತಿ ಅಂತ ಎಣಿಸ್ತಾಳೆ. 44ಸಿ ನೋಡಿ ಹಡಗಿಗೆ ಹಾಕೋ ಕಡೇ ದಿನ ಕೇಳ್ತಾಳೆ. ತಪ್ಪಿದ್ರೆ ಕಾಗದ ವಾಪಸ್, ಐವತ್ತು ರೂಪಾಯಿ ದಂಡ. ನಮಗೆ ಆಗದ ಷರತ್ತು ಕಂಡರೆ ಸರಕು ಹೊರಡೋ ಮುಂಚೆಯೇ ಪಾರ್ಟಿಗೆ ಹೇಳಿ ತಿದ್ದಿಸ್ತೀನಿ.

ಚಿಕ್ಕಪ್ಪ ನಕ್ಕಿದ್ದೇ ನಕ್ಕಿದ್ದು. “ಏನ್ಲಾ, ಮನೇಲಿ ಆಟ ಆಡ್ಕೊಂಡು ಕೂತ್ರೆ ದುಬೈಗೆ ಬೆಲ್ಲ ಹೋಯ್ತದಾ?” ನಮ್ಮ ಏಜೆಂಟೂ ಇದೆಲ್ಲ ನಮಗೆ ಬಿಡಿ ಸಾರ್ ಅಂದ. ಬಿಡಲಿಲ್ಲ.

ಮಧ್ಯೆ ಒಂದು ಪ್ರಯೋಗ. 2022ರ ಏಪ್ರಿಲಲ್ಲಿ ಸುಮಾರು ಹದಿಮೂರು ಸಾವಿರ ಡಾಲರ್‌ಗೆ ಫಾರ್ವರ್ಡ್ ಮಾಡಿಸಿದೆ, ಅಂದ್ರೆ ಮುಂದೆ ಬರೋ ಡಾಲರ್‌ಗೆ ಬ್ಯಾಂಕಿನ ಹತ್ತಿರ ಆಗಲೇ ರೇಟ್ ಗಟ್ಟಿ ಮಾಡ್ಕೊಂಡೆ, 77 ರೂಪಾಯಿ ಆಸುಪಾಸು. ಜುಲೈಗೆ ಡಾಲರ್ 79 ದಾಟಿತ್ತು. ಇಪ್ಪತ್ತೈದು ಸಾವಿರ ಕಳ್ಕೊಂಡೆ ಅಂತ ಎಲ್ಲರೂ ಅಂದರು. ನಾನು ರೇಟ್ ಹಾಕಿದ್ದೇ 77ಕ್ಕೆ, ನನ್ನ ಲಾಭ ನನಗೆ ಬಂತು. ಆದರೂ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಹಾಗೇ ಬೆಂಡೆ ಗಿಡದ ಲೋಳೆ ಹಾಕಿ ಕೆಮಿಕಲ್ ಇಲ್ಲದ ಬೆಲ್ಲವನ್ನೂ ಕಳಿಸಿ ನೋಡಿದೆ. ಬಣ್ಣ ಕಪ್ಪು, ಊರಲ್ಲಿ ಯಾರೂ ಮೂಸಲ್ಲ. ಅಲ್ಲಿ ಅದಕ್ಕೇ ರೇಟು ಜಾಸ್ತಿ. ಪುಡಿ ಗಟ್ಟಿಯಾಗದ ಹಾಗೆ ಚೀಲದೊಳಗೆ ಏನು ಹಾಕ್ತೀನಿ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ಈ ಆಟ ಶುರುವಾದ ಮೇಲೆ ಐದು ಎಲ್‌ಸಿ, ಒಂದರಲ್ಲೂ ತಕರಾರಿಲ್ಲ. ಕಾಗದ ನೋಡೋಕೆ ಬ್ಯಾಂಕಿಗೆ ಐದು ಕೆಲಸದ ದಿನ ಇದೆ. ಕಳೆದ ಸಲ ನಾಲ್ಕನೇ ದಿನಕ್ಕೇ ಪಾಸ್. ತಂಗಿ ಇಲ್ಲಿವರೆಗೆ ದಂಡ ಅಂತ ಎರಡು ಸಾವಿರದ ಮೇಲೆ ವಸೂಲಿ ಮಾಡಿದ್ದಾಳೆ. ಹೋದ ವಾರ ಚಿಕ್ಕಪ್ಪನೂ ಅವರ ಎಲ್‌ಸಿ ಹಿಡ್ಕೊಂಡು ಬಂದರು. ಅವರಿಗೆ ದಂಡ ನೂರು.