ಕ್ಯಾಲಿಫೋರ್ನಿಯಾದ ಕೌಂಟಿ ನ್ಯಾಯಾಲಯದಿಂದ ದಾಖಲೆ ಪಡೆಯುವ ಬಗೆ

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ನ್ಯಾಯಾಲಯದ ದಾಖಲೆಯನ್ನು ಹುಡುಕಲು ಹೊರಡುವುದು ಸಾಮಾನ್ಯವಾಗಿ ಬೇರೊಂದು ಕಚೇರಿ ಅದನ್ನು ಕೇಳಿದಾಗ. ಪೌರತ್ವದ ಅರ್ಜಿಯಲ್ಲಿ ಹಿಂದೆಂದೋ ಆದ ಬಂಧನವನ್ನು ನಮೂದಿಸಿದವರು ಆ ಪ್ರಕರಣ ಹೇಗೆ ಮುಗಿಯಿತೆಂಬುದನ್ನು ನ್ಯಾಯಾಲಯದ ಮೊಹರಿನೊಂದಿಗೆ ತೋರಿಸಬೇಕಾಗುತ್ತದೆ. ವಿಚ್ಛೇದನವಾದವರು ಪಾಸ್‌ಪೋರ್ಟಿನಿಂದ ಸಂಗಾತಿಯ ಹೆಸರು ತೆಗೆಸುವಾಗ ಅಥವಾ ಊರಿನಲ್ಲಿ ಮರುಮದುವೆಯನ್ನು ನೋಂದಾಯಿಸುವಾಗ ಡಿಕ್ರಿಯ ಪ್ರತಿ ಕೊಡಬೇಕಾಗುತ್ತದೆ. ಅಲ್ಲಿ ತೀರಿಕೊಂಡವರ ಆಸ್ತಿಯ ವಿಲೇವಾರಿಗೆ ವಾರಸುದಾರರು ಉಯಿಲಿನ ಪ್ರಕರಣದ ಆದೇಶಗಳನ್ನು ಕೇಳುತ್ತಾರೆ. ಈ ದಾಖಲೆಗಳಲ್ಲಿ ಬಹುಪಾಲು ಸಾರ್ವಜನಿಕವಾಗಿದ್ದು, ಕಾರಣ ಹೇಳದೆಯೇ ಯಾರು ಬೇಕಾದರೂ ನೋಡಬಹುದು, ನಕಲು ಪಡೆಯಬಹುದು. ಆದರೂ ಜನರು ತಿಂಗಳುಗಟ್ಟಲೆ ಅಲೆಯುವುದಕ್ಕೆ ಕಾರಣ, ಕೇಳಬೇಕಾದ ಕಚೇರಿಯನ್ನು ಬಿಟ್ಟು ಬೇರೆಡೆ ಕೇಳುವುದು ಅಥವಾ ಬೇಕಾದ ಬಗೆಯ ಪ್ರತಿಯನ್ನು ಬಿಟ್ಟು ಬೇರೆ ಬಗೆಯದನ್ನು ತರುವುದು. ಈ ಎರಡನ್ನು ಮೊದಲೇ ನಿರ್ಧರಿಸಿಕೊಂಡರೆ ಉಳಿದದ್ದು ಶುಲ್ಕ ಕಟ್ಟಿ ಕಾಯುವ ಕೆಲಸವಷ್ಟೆ. ಕನ್ನಡಿಗರು ಹೆಚ್ಚಾಗಿರುವ ಸಾಂಟಾ ಕ್ಲಾರಾ ಕೌಂಟಿಯನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡು ಈ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಯಾವ ಕೌಂಟಿ, ಯಾವ ಕಚೇರಿ

ಕ್ಯಾಲಿಫೋರ್ನಿಯಾದಲ್ಲಿ 58 ಕೌಂಟಿಗಳಿದ್ದು, ಪ್ರತಿಯೊಂದಕ್ಕೂ ಒಂದೊಂದು ಸುಪೀರಿಯರ್ ಕೋರ್ಟ್ ಇದೆ. ಹೆಸರು ಕೇಳಿದರೆ ಉಚ್ಚ ನ್ಯಾಯಾಲಯವೆಂದು ತೋರಿದರೂ ಅದು ಮೊದಲ ಹಂತದ ವಿಚಾರಣಾ ನ್ಯಾಯಾಲಯ. ಸಿವಿಲ್, ಕ್ರಿಮಿನಲ್, ಕೌಟುಂಬಿಕ, ಉಯಿಲು, ಸಂಚಾರ ನಿಯಮ ಉಲ್ಲಂಘನೆ ಹೀಗೆ ಎಲ್ಲ ಬಗೆಯ ಪ್ರಕರಣಗಳೂ ಅಲ್ಲಿಯೇ ದಾಖಲಾಗುತ್ತವೆ. ಒಂದು ಕೌಂಟಿಯ ನ್ಯಾಯಾಲಯದಲ್ಲಿ ಇನ್ನೊಂದು ಕೌಂಟಿಯ ಕಡತ ಸಿಗುವುದಿಲ್ಲವಾದ್ದರಿಂದ ಪ್ರಕರಣ ಎಲ್ಲಿ ದಾಖಲಾಯಿತೆಂಬುದು ಮೊದಲು ಖಚಿತವಾಗಬೇಕು. ಸ್ಯಾನ್ ಹೋಸೆ, ಕುಪರ್ಟಿನೊ, ಸನಿವೇಲ್, ಮಿಲ್ಪಿಟಾಸ್ ಇವೆಲ್ಲ ಸಾಂಟಾ ಕ್ಲಾರಾ ಕೌಂಟಿಗೆ ಸೇರಿದರೆ, ಮಿಲ್ಪಿಟಾಸಿಗೆ ಅಂಟಿಕೊಂಡಂತಿರುವ ಫ್ರೀಮಾಂಟ್ ಅಲಮೀಡಾ ಕೌಂಟಿಗೆ ಸೇರುತ್ತದೆ. ಎರಡೂ ಊರುಗಳಲ್ಲಿ ಮನೆ ಬದಲಿಸುತ್ತ ಬಾಳಿದವರು ಈ ಗಡಿಯನ್ನು ಮರೆಯುವುದು ಸಹಜ.

ಮನೆಯ ವಿಳಾಸವೊಂದನ್ನೇ ನಂಬಿಕೊಂಡರೂ ಸಾಲದು. ವಿಚ್ಛೇದನದ ಅರ್ಜಿಯನ್ನು ಸಾಮಾನ್ಯವಾಗಿ ಗಂಡ ಹೆಂಡತಿಯರಲ್ಲಿ ಒಬ್ಬರು ರಾಜ್ಯದಲ್ಲಿ ಆರು ತಿಂಗಳು, ಆ ಕೌಂಟಿಯಲ್ಲಿ ಮೂರು ತಿಂಗಳು ವಾಸವಿದ್ದ ಮೇಲೆ ಸಲ್ಲಿಸಲಾಗುತ್ತದೆ. ಆದ್ದರಿಂದ ಅರ್ಜಿ ಹಾಕಿದ ಹೊತ್ತಿನಲ್ಲಿ ಯಾರು ಎಲ್ಲಿದ್ದರೆಂಬುದನ್ನು ನೆನಪಿಸಿಕೊಳ್ಳಬೇಕು. ಸಂಚಾರ ಮತ್ತು ಕ್ರಿಮಿನಲ್ ಪ್ರಕರಣಗಳಲ್ಲಿ ಘಟನೆ ನಡೆದ ಸ್ಥಳವೇ ಮುಖ್ಯ.

ನ್ಯಾಯಾಲಯದಲ್ಲಿ ಸಿಗದ ಕಾಗದಗಳೂ ಇವೆ. ಮದುವೆಯ ಪ್ರಮಾಣಪತ್ರ ಮತ್ತು ಮನೆಯ ಕ್ರಯಪತ್ರ ಕೌಂಟಿಯ ಕ್ಲರ್ಕ್-ರೆಕಾರ್ಡರ್ ಕಚೇರಿಯಲ್ಲಿರುತ್ತವೆ, ಅದು ನಮ್ಮ ಉಪನೋಂದಣಾಧಿಕಾರಿ ಕಚೇರಿಯನ್ನು ಹೋಲುತ್ತದೆ. ದಿವಾಳಿತನದ ಪ್ರಕರಣಗಳು ಫೆಡರಲ್ ನ್ಯಾಯಾಲಯದವು. ಅವುಗಳನ್ನು ಪೇಸರ್ ಎಂಬ ಜಾಲವ್ಯವಸ್ಥೆಯಲ್ಲಿ ಪುಟಕ್ಕೆ 10 ಸೆಂಟ್ ತೆತ್ತು ನೋಡಬಹುದು. ವಲಸೆ ನ್ಯಾಯಾಲಯ ಅಮೆರಿಕದ ನ್ಯಾಯ ಇಲಾಖೆಗೆ ಸೇರಿದ್ದು, ಕೌಂಟಿಗೂ ಅದಕ್ಕೂ ಸಂಬಂಧವಿಲ್ಲ.

ಹೆಸರಿನಿಂದ ಹುಡುಕುವಾಗ

ಪ್ರಕರಣ ಸಂಖ್ಯೆ ಕೈಯಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ. ಹಳೆಯ ನೋಟಿಸು, ವಕೀಲರ ಪತ್ರ, ದಂಡ ಕಟ್ಟಿದ ರಸೀದಿ ಇವುಗಳ ಮೇಲ್ಭಾಗದಲ್ಲಿ ಅದು ಇರುತ್ತದೆ. ಸಾಂಟಾ ಕ್ಲಾರಾದ ಇತ್ತೀಚಿನ ಸಂಖ್ಯೆಗಳಲ್ಲಿ ಮೊದಲ ಎರಡು ಅಂಕಿಗಳು ವರ್ಷವನ್ನೂ, ನಂತರದ ಎರಡು ಅಕ್ಷರಗಳು ಪ್ರಕರಣದ ಬಗೆಯನ್ನೂ ತಿಳಿಸುತ್ತವೆ: ಸಿವಿಲ್ ಪ್ರಕರಣಕ್ಕೆ ಸಿವಿ, ಕೌಟುಂಬಿಕ ಪ್ರಕರಣಕ್ಕೆ ಎಫ್‌ಎಲ್, ಉಯಿಲಿನ ಪ್ರಕರಣಕ್ಕೆ ಪಿಆರ್.

ಸಂಖ್ಯೆ ಇಲ್ಲದಿದ್ದರೆ ನ್ಯಾಯಾಲಯದ ಅಧಿಕೃತ ಜಾಲತಾಣದ ಸಾರ್ವಜನಿಕ ಪೋರ್ಟಲ್‌ನಲ್ಲಿ ಹೆಸರು ಕೊಟ್ಟು ಹುಡುಕಬೇಕು. ನಮ್ಮವರ ಹೆಸರುಗಳು ತೊಡಕಾಗುವುದು ಇಲ್ಲಿಯೇ. ಊರಿನ ಹೆಸರು, ತಂದೆಯ ಹೆಸರು, ಸ್ವಂತ ಹೆಸರು ಕೂಡಿ ಹೊಸಹಳ್ಳಿ ರಾಮಪ್ಪ ಮಂಜುನಾಥ ಎಂದಿರುವವರು ಒಂದು ಕಡತದಲ್ಲಿ ಮಂಜುನಾಥ ಎಂಬ ಕೊನೆಯ ಹೆಸರಿನಲ್ಲಿಯೂ, ಇನ್ನೊಂದರಲ್ಲಿ ಹೊಸಹಳ್ಳಿ ಎಂಬ ಕೊನೆಯ ಹೆಸರಿನಲ್ಲಿಯೂ ಇರಬಹುದು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಮೊದಲ ಹೆಸರು ತಿಳಿದಿಲ್ಲ ಎಂಬುದರ ಇಂಗ್ಲಿಷ್ ಹ್ರಸ್ವರೂಪ) ಎಂಬ ಮೂರಕ್ಷರ ಮುದ್ರಿತವಾಗಿರುತ್ತದೆ. ಚಾಲನಾ ಪರವಾನಗಿಗೂ, ಅಲ್ಲಿಂದ ಪೊಲೀಸರ ಟಿಕೆಟಿಗೂ, ಕೊನೆಗೆ ನ್ಯಾಯಾಲಯದ ಸೂಚಿಗೂ ಅದೇ ಮೂರಕ್ಷರ ಹೋಗಿ ಕೂತಿರಬಹುದು. ಆದ್ದರಿಂದ ಹೆಸರಿನ ಭಾಗಗಳನ್ನು ಅದಲುಬದಲು ಮಾಡಿ, ಲಕ್ಷ್ಮಿ, ಶಿವಕುಮಾರ್ ಮುಂತಾದ ಹೆಸರುಗಳ ರೂಢಿಯಲ್ಲಿರುವ ಎಲ್ಲ ಇಂಗ್ಲಿಷ್ ಕಾಗುಣಿತಗಳನ್ನೂ ಹಾಕಿ, ಎಫ್‌ಎನ್‌ಯು ಸಹಿತವಾಗಿಯೂ ಹುಡುಕಿ ನೋಡಿದ ಮೇಲೆಯೇ ದಾಖಲೆ ಇಲ್ಲವೆಂಬ ನಿರ್ಣಯಕ್ಕೆ ಬರಬೇಕು. ಆ ಹೊತ್ತಿನ ಪರವಾನಗಿಯಲ್ಲಿ ಹೆಸರು ಹೇಗಿತ್ತೋ ಅದರಿಂದಲೇ ಆರಂಭಿಸುವುದು ಲೇಸು.

ಹುಟ್ಟಿದ ದಿನಾಂಕ ಹಾಕಿ ಸೋಸುವ ಅನುಕೂಲ ಇಲ್ಲಿಲ್ಲ. ಹುಟ್ಟಿದ ದಿನಾಂಕ, ಚಾಲನಾ ಪರವಾನಗಿ ಸಂಖ್ಯೆ ಮುಂತಾದವು ಸಾರ್ವಜನಿಕ ವಿದ್ಯುನ್ಮಾನ ಸೂಚಿಯಲ್ಲಿ ಇರಕೂಡದೆಂಬುದು ರಾಜ್ಯದ ನ್ಯಾಯಾಲಯ ನಿಯಮ. ರಿವರ್‌ಸೈಡ್ ಕೌಂಟಿಯ ಜಾಲತಾಣ ಅವುಗಳಿಂದ ಹುಡುಕಲು ಬಿಟ್ಟದ್ದು ಆ ನಿಯಮಕ್ಕೆ ವಿರುದ್ಧವೆಂದು ಮೇಲ್ಮನವಿ ನ್ಯಾಯಾಲಯ 2021ರಲ್ಲಿ ತೀರ್ಪು ಕೊಟ್ಟಿದೆ. ಹೀಗಾಗಿ ಒಂದೇ ಹೆಸರಿನ ಹಲವರು ಪಟ್ಟಿಯಲ್ಲಿ ಸಿಕ್ಕಾಗ ದಾಖಲಾದ ವರ್ಷ ಮತ್ತು ಎದುರು ಪಕ್ಷದ ಹೆಸರನ್ನು ನೋಡಿಕೊಂಡೇ ಗುರುತಿಸಬೇಕು. ಹೆಸರು ಹೊಂದಿದ ಮಾತ್ರಕ್ಕೆ ಇಂಥವರ ಮೇಲೆ ಕೇಸಿದೆ ಎಂದು ಸಂಬಂಧ ನೋಡುವ ಮನೆಯವರಿಗೆ ಹೇಳಿಬಿಡುವುದು ಎಂಥ ಅನರ್ಥಕ್ಕೆ ದಾರಿಯೆಂಬುದನ್ನು ಬೇರೆ ಹೇಳಬೇಕಿಲ್ಲ.

ಪೋರ್ಟಲ್‌ನಲ್ಲಿ ಕಡತದ ಪುಟಗಳೇ ಕಾಣದಿದ್ದರೆ ಅವು ಗೌಪ್ಯವೆಂದು ತಿಳಿಯಬೇಕಾಗಿಲ್ಲ. ರಾಜ್ಯದ ನಿಯಮದಂತೆ ಪ್ರಕರಣದ ನಡಾವಳಿಯ ಪಟ್ಟಿ, ವಿಚಾರಣೆಯ ದಿನಾಂಕ ಮತ್ತು ಸೂಚಿಗಳನ್ನು ದೂರದಿಂದ ನೋಡಬಹುದು. ಸಿವಿಲ್ ಪ್ರಕರಣದ ಕಾಗದಗಳನ್ನೂ ಸಾಧ್ಯವಾದಷ್ಟು ಮಟ್ಟಿಗೆ ಜಾಲದಲ್ಲಿ ತೆರೆದಿಡಬೇಕು. ಆದರೆ ಕೌಟುಂಬಿಕ ಮತ್ತು ಕ್ರಿಮಿನಲ್ ಪ್ರಕರಣಗಳ ಕಾಗದಗಳನ್ನು ಸಾರ್ವಜನಿಕರು ನ್ಯಾಯಾಲಯದ ಕಟ್ಟಡದಲ್ಲಿರುವ ಕಂಪ್ಯೂಟರಿನಲ್ಲಿ ಮಾತ್ರ ನೋಡಬಹುದು. ಸ್ಯಾನ್ ಹೋಸೆಯಲ್ಲಿ ಕೌಟುಂಬಿಕ ಪ್ರಕರಣಗಳಿಗೆ 2016ರಲ್ಲಿ ತೆರೆದ 201 ನಾರ್ತ್ ಫಸ್ಟ್ ಸ್ಟ್ರೀಟ್ ಕಟ್ಟಡಕ್ಕೂ, ಸಿವಿಲ್ ಪ್ರಕರಣಗಳಿಗೆ ಅದರ ಹತ್ತಿರದಲ್ಲಿಯೇ ಇರುವ 191 ನಾರ್ತ್ ಫಸ್ಟ್ ಸ್ಟ್ರೀಟ್ ಕಟ್ಟಡಕ್ಕೂ ಹೋಗಬೇಕು.

ಪ್ರತಿಯ ಬಗೆ ಮತ್ತು ಶುಲ್ಕ

ಸಾದಾ ನಕಲು ಪುಟಕ್ಕೆ 50 ಸೆಂಟ್. ಓದಿ ತಿಳಿಯುವುದಕ್ಕೆ, ವಕೀಲರಿಗೆ ತೋರಿಸುವುದಕ್ಕೆ ಅದು ಸಾಕು. ಇನ್ನೊಂದು ಕಚೇರಿಗೆ ಸಲ್ಲಿಸುವುದಕ್ಕೆ ದೃಢೀಕೃತ ಪ್ರತಿಯೇ ಬೇಕು. ಕಡತದಲ್ಲಿರುವ ಮೂಲಕ್ಕೆ ಇದು ಸರಿಯಾದ ಪ್ರತಿ ಎಂಬ ಒಕ್ಕಣೆ, ದಿನಾಂಕ, ಡೆಪ್ಯುಟಿ ಕ್ಲರ್ಕಿನ ಸಹಿ ಮತ್ತು ನ್ಯಾಯಾಲಯದ ಮೊಹರು ಅದರ ಮೇಲಿರುತ್ತವೆ. ಸಾಮಾನ್ಯವಾಗಿ ದೃಢೀಕರಣಕ್ಕೆ 40 ಡಾಲರ್ ಆದರೆ ವಿಚ್ಛೇದನದ ದಾಖಲೆಗೆ 15 ಡಾಲರ್ ಮಾತ್ರ. ಎರಡಕ್ಕೂ ಪುಟಗಳ ಶುಲ್ಕ ಪ್ರತ್ಯೇಕ. ಅಂದರೆ 12 ಪುಟಗಳ ವಿಚ್ಛೇದನ ತೀರ್ಪಿನ ದೃಢೀಕೃತ ಪ್ರತಿಗೆ 21 ಡಾಲರ್ ಆಗುತ್ತದೆ. ಸಂಖ್ಯೆ ಕೊಡದೆ ಸಿಬ್ಬಂದಿಯಿಂದಲೇ ಹುಡುಕಿಸಿದರೆ, ಆ ಹುಡುಕಾಟ ಹತ್ತು ನಿಮಿಷ ಮೀರಿದಾಗ ಇನ್ನೂ 15 ಡಾಲರ್ ಸೇರುತ್ತದೆ. ಶುಲ್ಕಗಳು ಆಗಾಗ ಪರಿಷ್ಕರಣೆಯಾಗುವುದರಿಂದ ಚೆಕ್ ಬರೆಯುವ ಮುನ್ನ ನ್ಯಾಯಾಲಯದ ಶುಲ್ಕಪಟ್ಟಿಯನ್ನು ನೋಡಿಕೊಳ್ಳಬೇಕು.

ವಿಚ್ಛೇದನದ ಕಡತದಿಂದ ಏನನ್ನು ಕೇಳಬೇಕೆಂಬುದರಲ್ಲಿ ಎಚ್ಚರ ಬೇಕು. ಬೇಕಾಗಿರುವುದು ಎಫ್‌ಎಲ್-180 ಎಂಬ ನಮೂನೆಯಲ್ಲಿರುವ ತೀರ್ಪು. ಅದಕ್ಕೆ ಆಸ್ತಿ ಹಂಚಿಕೆ, ಮಕ್ಕಳ ಪಾಲನೆಯ ಒಪ್ಪಂದಗಳು ಲಗತ್ತಾಗಿದ್ದರೆ ಅವನ್ನೂ ಸೇರಿಸಿ ಕೇಳುವುದು ಒಳ್ಳೆಯದು. ಎಫ್‌ಎಲ್-190 ಎಂಬುದು ತೀರ್ಪು ದಾಖಲಾಯಿತೆಂಬ ತಿಳಿವಳಿಕೆ ಪತ್ರ ಮಾತ್ರ. ಅದೊಂದನ್ನೇ ಹಿಡಿದುಕೊಂಡು ಹೋದವರನ್ನು ಕಚೇರಿಗಳು ಹಿಂದಕ್ಕೆ ಕಳಿಸುವುದುಂಟು. ತೀರ್ಪಿನ ಮೇಲೆ ಒಂದಕ್ಕಿಂತ ಹೆಚ್ಚು ದಿನಾಂಕಗಳಿರುತ್ತವೆ. ಕ್ಯಾಲಿಫೋರ್ನಿಯಾದ ಕಾನೂನಿನಂತೆ ಎದುರು ಪಕ್ಷಕ್ಕೆ ನೋಟಿಸು ಮುಟ್ಟಿ ಅಥವಾ ಅವರು ತಾವಾಗಿ ಹಾಜರಾಗಿ ಆರು ತಿಂಗಳು ಕಳೆಯುವವರೆಗೆ ವಿವಾಹಬಂಧ ಮುಗಿಯುವುದಿಲ್ಲವಾದ್ದರಿಂದ, ತೀರ್ಪಿಗೆ ಬಿದ್ದ ಮೊಹರಿನ ದಿನಾಂಕಕ್ಕಿಂತ ವೈವಾಹಿಕ ಸ್ಥಿತಿ ಕೊನೆಗೊಳ್ಳುವ ದಿನಾಂಕ ಮುಂದಿನದಾಗಿರಬಹುದು. ಮರುಮದುವೆಯ ನೋಂದಣಿಯಲ್ಲಿ ಲೆಕ್ಕಕ್ಕೆ ಬರುವುದು ಈ ಎರಡನೆಯದು. ಪೌರತ್ವದ ಅರ್ಜಿಗೆ ಬೇಕಾದುದು ಬೇರೆ: ಆರೋಪವೇನು, ಕೊನೆಗೆ ಏನಾಯಿತು ಎಂಬುದನ್ನು ತಿಳಿಸುವ ದೃಢೀಕೃತ ಡಿಸ್ಪೊಸಿಷನ್ ಬೇಕೆಂದು ಅದೇ ಪದವನ್ನು ಬಳಸಿ ಕೇಳಬೇಕು.

ಅಂಚೆಯ ಮೂಲಕ ಕೇಳುವವರು ಪ್ರಕರಣ ಸಂಖ್ಯೆ, ಪಕ್ಷಗಾರರ ಹೆಸರು, ಬೇಕಾದ ಕಾಗದದ ಹೆಸರು ಮತ್ತು ದಿನಾಂಕ, ಸಾದಾ ಪ್ರತಿಯೋ ದೃಢೀಕೃತವೋ ಎಂಬುದು, ಎಷ್ಟು ಪ್ರತಿ ಎಂಬುದು ಇಷ್ಟನ್ನು ಸ್ಪಷ್ಟವಾಗಿ ಬರೆದು, ಸ್ವವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಲಕೋಟೆಯನ್ನೂ ಚೆಕ್ಕನ್ನೂ ಜೊತೆಗಿಡಬೇಕು. ಪುಟಗಳ ಸಂಖ್ಯೆ ತಿಳಿಯದಿದ್ದರೆ ಮೊತ್ತದ ಜಾಗವನ್ನು ಖಾಲಿ ಬಿಟ್ಟು, ಇಂತಿಷ್ಟು ಡಾಲರ್ ಮೀರಬಾರದು ಎಂದು ಚೆಕ್ಕಿನ ಮೇಲೆಯೇ ಇಂಗ್ಲಿಷಿನಲ್ಲಿ ಬರೆದು ಕಳಿಸುವ ಪದ್ಧತಿ ಅಲ್ಲಿನ ನ್ಯಾಯಾಲಯಗಳಲ್ಲಿ ರೂಢಿಯಲ್ಲಿದೆ. ಭಾರತದ ಬ್ಯಾಂಕಿನ ಚೆಕ್ ಅಲ್ಲಿ ನಡೆಯುವುದಿಲ್ಲ. ಊರಿನಿಂದ ಕೇಳುವವರು ಅಲ್ಲಿರುವ ಬಂಧುಗಳ ಮೂಲಕ ಹೋಗುವುದೇ ಸುಲಭ, ಸಾರ್ವಜನಿಕ ದಾಖಲೆಗೆ ಇದಕ್ಕಾಗಿ ಅಧಿಕಾರಪತ್ರವೂ ಬೇಕಿಲ್ಲ.

ಹಳೆಯ ಕಡತ, ಮುಚ್ಚಿದ ಕಡತ

ಕಾನೂನು ಪ್ರತಿಯೊಂದು ಬಗೆಯ ಕಡತಕ್ಕೂ ಕಾಯ್ದಿಡುವ ಅವಧಿಯನ್ನು ಗೊತ್ತುಮಾಡಿದೆ. ವಿಚ್ಛೇದನದ ಕಡತವನ್ನು 30 ವರ್ಷ ಇಡಬೇಕು. ಸಣ್ಣ ಸಂಚಾರ ಪ್ರಕರಣಗಳ ಕಾಗದ ಕೆಲವೇ ವರ್ಷಗಳಲ್ಲಿ ನಾಶವಾಗುತ್ತದೆ. ಹಾಗೆ ನಾಶವಾಗಿದ್ದರೆ ದಾಖಲೆ ಲಭ್ಯವಿಲ್ಲವೆಂದು ನ್ಯಾಯಾಲಯದಿಂದಲೇ ದೃಢೀಕೃತ ಪತ್ರ ಪಡೆದು, ಕೇಳಿದ ಕಚೇರಿಗೆ ಅದನ್ನೇ ಸಲ್ಲಿಸಬೇಕು. ಮುನಿಸಿಪಲ್ ಕೋರ್ಟ್‌ಗಳು 1998 ಮತ್ತು 2001ರ ನಡುವೆ ಸುಪೀರಿಯರ್ ಕೋರ್ಟ್‌ಗಳಲ್ಲಿ ವಿಲೀನವಾದುದರಿಂದ, ಅದಕ್ಕೂ ಹಿಂದಿನ ಕಾಗದದಲ್ಲಿ ಮುನಿಸಿಪಲ್ ಕೋರ್ಟ್ ಎಂದಿದ್ದರೂ ವಿಚಾರಿಸಬೇಕಾದುದು ಈಗಿನ ಕೌಂಟಿ ನ್ಯಾಯಾಲಯದಲ್ಲಿಯೇ.

ಬಾಲಾಪರಾಧ ಮತ್ತು ದತ್ತು ಸ್ವೀಕಾರದ ಪ್ರಕರಣಗಳು, ನ್ಯಾಯಾಧೀಶರ ಆದೇಶದಿಂದ ಮುಚ್ಚಿಟ್ಟ ಕಾಗದಗಳು ಹೊರಗಿನವರಿಗೆ ಸಿಗುವುದಿಲ್ಲ. ಬಾಡಿಗೆದಾರರನ್ನು ತೆರವುಗೊಳಿಸುವ ಪ್ರಕರಣ ದಾಖಲಾದ ಮೊದಲ 60 ದಿನ ಮುಚ್ಚಿರುತ್ತದೆ, ಆ ಅವಧಿಯೊಳಗೆ ಮನೆಯ ಮಾಲೀಕರು ಗೆಲ್ಲದಿದ್ದರೆ ಸಾಮಾನ್ಯವಾಗಿ ಮುಚ್ಚಿಯೇ ಉಳಿಯುತ್ತದೆ. ಜಾಲದಲ್ಲಿ ಹೆಸರು ಹುಡುಕಿದಾಗ ಮೊದಲು ಕಣ್ಣಿಗೆ ಬೀಳುವ ಖಾಸಗಿ ತಾಣಗಳು ಎಲ್ಲವನ್ನೂ ಕೊಡುತ್ತೇವೆಂದು ತಿಂಗಳ ಚಂದಾ ಕೇಳುತ್ತವೆ. ಮೊಹರು ಹಾಕಿದ ಪ್ರತಿಯನ್ನು ಕೊಡುವ ಅಧಿಕಾರ ಅವುಗಳಿಗಿಲ್ಲವಾದ್ದರಿಂದ ಆ ಖರ್ಚು ದಂಡ.

ಬೇರೆ ರಾಜ್ಯಗಳಲ್ಲಿ ಕ್ರಮ ಬೇರೆ. ಟೆಕ್ಸಾಸಿನಲ್ಲಿ ವಿಚ್ಛೇದನದ ಕಡತ ಡಿಸ್ಟ್ರಿಕ್ಟ್ ಕ್ಲರ್ಕ್ ಬಳಿ ಇದ್ದರೆ ಮದುವೆಯ ದಾಖಲೆ ಕೌಂಟಿ ಕ್ಲರ್ಕ್ ಬಳಿ ಇರುತ್ತದೆ. ನ್ಯೂಯಾರ್ಕಿನಲ್ಲಿ ವಿಚ್ಛೇದನದ ಕಡತವನ್ನು ಪಕ್ಷಗಾರರು ಮತ್ತು ಅವರ ವಕೀಲರನ್ನು ಬಿಟ್ಟು ಬೇರೆಯವರು ನೋಡಬೇಕಾದರೆ ನ್ಯಾಯಾಲಯದ ಆದೇಶ ಬೇಕು. ಮೇರಿಲ್ಯಾಂಡಿನಲ್ಲಿ ಇಡೀ ರಾಜ್ಯಕ್ಕೆ ಒಂದೇ ಹುಡುಕು ತಾಣವಿದೆ.

ಭಾರತದಲ್ಲಿ ಬಳಸುವುದಾದರೆ

ದೃಢೀಕೃತ ಪ್ರತಿಯ ಮೇಲೆ ಅಪೊಸ್ಟಿಲ್, ಅಂದರೆ ಅದರ ಸಹಿ ಮತ್ತು ಮೊಹರು ನಿಜವೆಂದು ಇನ್ನೊಂದು ದೇಶಕ್ಕೆ ತಿಳಿಸುವ ಪ್ರಮಾಣಪತ್ರ, ಮಾಡಿಸುವುದು ಮುಂದಿನ ಹೆಜ್ಜೆ. ಅಪೊಸ್ಟಿಲ್ ಒಪ್ಪಂದ ಭಾರತದಲ್ಲಿ ಜಾರಿಗೆ ಬಂದದ್ದು 2005ರಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಇದನ್ನು ಕೊಡುವವರು ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್. ಸ್ಯಾಕ್ರಮೆಂಟೊ ಕಚೇರಿಗೆ ಅಂಚೆಯಲ್ಲಿ ಕಳಿಸಬಹುದು, ಒಂದಕ್ಕೆ 20 ಡಾಲರ್. ಅಲ್ಲಿನ ಸಿಬ್ಬಂದಿ ನ್ಯಾಯಾಲಯದ ಅಧಿಕಾರಿಯ ಸಹಿಯನ್ನು ತಮ್ಮಲ್ಲಿರುವ ಮಾದರಿಯೊಂದಿಗೆ ತಾಳೆ ನೋಡುತ್ತಾರೆ. ನೆರಳಚ್ಚು ತೆಗೆಯುವುದಕ್ಕೆಂದು ದೃಢೀಕೃತ ಪ್ರತಿಯ ಪಿನ್ನು ಬಿಚ್ಚಕೂಡದು. ಪಿನ್ನಿನ ತೂತು ಎರಡಾಗಿದ್ದರೆ ಪುಟ ಬದಲಾಯಿಸಿದ ಸಂಶಯಕ್ಕೆ ಎಡೆಯಾಗುತ್ತದೆ.

ನೆರಳಚ್ಚಿನಿಂದಲೇ ಕೆಲಸ ಆಗಬಹುದೆಂದುಕೊಳ್ಳುವವರು 1991ರ ಸುಪ್ರೀಂ ಕೋರ್ಟ್ ತೀರ್ಪೊಂದನ್ನು ಗಮನಿಸಬೇಕು. ತಿರುಪತಿಯಲ್ಲಿ ಮದುವೆಯಾದ ದಂಪತಿಯ ವಿಚ್ಛೇದನದ ಡಿಕ್ರಿಯನ್ನು ಮಿಸೌರಿ ರಾಜ್ಯದ ಸೇಂಟ್ ಲೂಯಿ ಕೌಂಟಿಯ ನ್ಯಾಯಾಲಯ ಕೊಟ್ಟಿತ್ತು. ಅದರ ನೆರಳಚ್ಚು ಪ್ರತಿಯನ್ನು ಇಲ್ಲಿನ ನ್ಯಾಯಾಲಯದಲ್ಲಿ ಹಾಜರುಪಡಿಸಿದಾಗ, ಆಗ ಜಾರಿಯಲ್ಲಿದ್ದ ಸಾಕ್ಷ್ಯ ಅಧಿನಿಯಮದ 86ನೇ ಕಲಮಿನಂತೆ ದೃಢೀಕರಣವಿಲ್ಲದ ಆ ಪ್ರತಿಯನ್ನು ಸಾಕ್ಷ್ಯವಾಗಿ ಒಪ್ಪಲಾಗದೆಂದು ಸುಪ್ರೀಂ ಕೋರ್ಟ್ ಹೇಳಿತು. ಡಿಕ್ರಿ ಭಾರತದಲ್ಲಿ ಮಾನ್ಯವಾಗುತ್ತದೆಯೇ ಎಂಬ ಪ್ರಶ್ನೆ ಬೇರೆಯೇ. ಅದನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 13ನೇ ಕಲಮಿನಂತೆ ತೀರ್ಮಾನಿಸಲಾಗುತ್ತದೆ, ಮತ್ತು ಒಂದು ಪಕ್ಷ ಹಾಜರಾಗದೆ ಆದ ಡಿಕ್ರಿಯಿದ್ದರೆ ಇಲ್ಲಿನ ವಕೀಲರ ಸಲಹೆ ಪಡೆಯದೆ ಮುಂದುವರಿಯಬಾರದು. ವಿಷಯ ನ್ಯಾಯಾಲಯಕ್ಕೆ ಹೋಗುವ ಸಾಧ್ಯತೆಯಿದ್ದಲ್ಲಿ ಅಪೊಸ್ಟಿಲ್ ಸಾಕೇ, ದೂತಾವಾಸದ ದೃಢೀಕರಣವೂ ಬೇಕೇ ಎಂಬುದನ್ನು ಅದೇ ವಕೀಲರಿಂದ ಮೊದಲೇ ಕೇಳಿಕೊಂಡು, ಕಚೇರಿಗಳು ಒಂದೊಂದು ಪ್ರತಿಯನ್ನು ಇಟ್ಟುಕೊಳ್ಳುವುದರಿಂದ ಆರಂಭದಲ್ಲಿಯೇ ಎರಡು ದೃಢೀಕೃತ ಪ್ರತಿಗಳನ್ನು ತರಿಸಿಕೊಳ್ಳಬೇಕು.