ಕೀರಿನ್ ಓಟಕ್ಕೆ ಗೇರ್ ಆರಿಸುವುದು: ದೆಹಲಿ ಟ್ರ್ಯಾಕಿನಲ್ಲಿ ನನ್ನ ಅನುಭವ

ಟ್ರ್ಯಾಕ್ ಸೈಕಲ್‌ಗೆ ಬ್ರೇಕ್ ಇಲ್ಲ, ಗೇರ್ ಬದಲಿಸುವ ಲಿವರ್ ಇಲ್ಲ, ಪೆಡಲ್ ನಿಲ್ಲಿಸಿ ಚಕ್ರವನ್ನು ತಾನಾಗಿ ಉರುಳಲು ಬಿಡುವ ಅವಕಾಶವೂ ಇಲ್ಲ. ಓಟಕ್ಕೆ ಮೊದಲು ಮೆಕ್ಯಾನಿಕ್ ಪೆಡಲ್ ಬಳಿ ಯಾವ ಚೈನ್‌ವೀಲ್ (ಚೈನ್ ಎಳೆಯುವ ಹಲ್ಲಿನ ಚಕ್ರ) ಕೂರಿಸುತ್ತಾರೋ ಅದನ್ನೇ ಸವಾರರು ಕೊನೆಯ ಗೆರೆಯವರೆಗೆ ತುಳಿಯಬೇಕು. ಹೀಗಾಗಿ ಕೀರಿನ್‌ನಲ್ಲಿ, ಅಂದರೆ ಮೋಟಾರು ಬೈಕಿನ ಹಿಂದೆ ಶುರುವಾಗಿ ಕೊನೆಗೆ ನುಗ್ಗಾಟವಾಗುವ ಟ್ರ್ಯಾಕ್ ಓಟದಲ್ಲಿ, ಎಷ್ಟು ಹಲ್ಲಿನ ಚೈನ್‌ವೀಲ್ ಹಾಕಬೇಕೆಂಬ ಪ್ರಶ್ನೆಯೂ ಸವಾರಳು ಯಾವ ಕ್ಷಣದಲ್ಲಿ ನುಗ್ಗಬೇಕೆಂಬ ಪ್ರಶ್ನೆಯೂ ನನ್ನ ಪಾಲಿಗೆ ಒಂದೇ. ದೆಹಲಿಯ ಇಂದಿರಾ ಗಾಂಧಿ ಕ್ರೀಡಾಂಗಣದಲ್ಲಿ ನಡೆದ ಏಷ್ಯನ್ ಟ್ರ್ಯಾಕ್ ಚಾಂಪಿಯನ್‌ಶಿಪ್‌ನಲ್ಲಿ ನಮ್ಮ ಭಾಗದ ಹುಡುಗಿಯೊಬ್ಬಳ ಸೈಕಲ್ ಸಿದ್ಧಪಡಿಸುವ ಮತ್ತು ಆರಂಭದ ಗೆರೆಯಲ್ಲಿ ಅವಳನ್ನು ಹಿಡಿದು ನಿಲ್ಲುವ ಕೆಲಸ ನನ್ನದಾಗಿತ್ತು. ಅಲ್ಲಿ ನಾವು ಗೇರ್ ನಿರ್ಧರಿಸಿದ ಬಗೆಯನ್ನು ಇಲ್ಲಿ ಬರೆದಿದ್ದೇನೆ.

ಕೀರಿನ್ ಹುಟ್ಟಿದ್ದು ಜಪಾನಿನ ಕೊಕುರಾದಲ್ಲಿ, 1948ರಲ್ಲಿ, ಜನ ಹಣ ಕಟ್ಟಿ ಆಡುವ ಜೂಜಿನ ಓಟವಾಗಿ. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಪುರುಷರಿಗೆ 1980ರಲ್ಲೇ ಈ ಸ್ಪರ್ಧೆ ಬಂದರೂ ಮಹಿಳೆಯರು 2002ರವರೆಗೆ ಕಾಯಬೇಕಾಯಿತು. ಒಲಿಂಪಿಕ್ಸ್‌ನಲ್ಲಂತೂ 2012ರ ಲಂಡನ್‌ನಲ್ಲಿ ವಿಕ್ಟೋರಿಯಾ ಪೆಂಡಲ್ಟನ್ ಗೆದ್ದ ಚಿನ್ನವೇ ಮಹಿಳಾ ಕೀರಿನ್‌ನ ಮೊದಲ ಚಿನ್ನ. ಈಗಿನ ನಿಯಮದಂತೆ 250 ಮೀಟರ್ ಟ್ರ್ಯಾಕಿನಲ್ಲಿ ಆರು ಸುತ್ತು ಓಡಬೇಕು. ಮೊದಲ ಮೂರು ಸುತ್ತು ಡರ್ನಿ ಎಂಬ ಮೋಟಾರು ಬೈಕು ನಿಧಾನವಾಗಿ ವೇಗ ಏರಿಸುತ್ತಾ ಗಂಟೆಗೆ 50 ಕಿ.ಮೀ. ಸಮೀಪಕ್ಕೆ ಒಯ್ಯುತ್ತದೆ, ಅಷ್ಟು ಹೊತ್ತು ಯಾರೂ ಅದನ್ನು ದಾಟುವಂತಿಲ್ಲ. ಮೂರು ಸುತ್ತು ಬಾಕಿ ಇರುವಾಗ ಡರ್ನಿ ಟ್ರ್ಯಾಕ್ ಬಿಟ್ಟು ಕೆಳಗಿಳಿಯುತ್ತದೆ. ಅಲ್ಲಿಂದ ಉಳಿಯುವ 750 ಮೀಟರ್‌ನ ಮುಕ್ಕಾಲು ನಿಮಿಷದಲ್ಲಿ ಎಲ್ಲವೂ ತೀರ್ಮಾನವಾಗುತ್ತದೆ. ಹಿಂದೆ ಎರಡೂವರೆ ಸುತ್ತು ಬಾಕಿ ಇರುವಾಗ ಡರ್ನಿ ಇಳಿಯುತ್ತಿತ್ತು. ಹೆಚ್ಚಾದದ್ದು ಅರ್ಧ ಸುತ್ತೇ ಆದರೂ, ನನ್ನ ಅಭಿಪ್ರಾಯದಲ್ಲಿ ಅದರಿಂದ ದಮ್ಮಿರುವವರಿಗೆ ಬಹಳ ಅನುಕೂಲವಾಗಿದೆ.

ವಿಜಯಪುರ, ಬಾಗಲಕೋಟೆ ಕಡೆಯ ಹುಡುಗಿಯರು ಬೆಳೆಯುವುದು ಹೆದ್ದಾರಿಯ ಟೈಮ್ ಟ್ರಯಲ್‌ಗಳಲ್ಲಿ, ಅಂದರೆ ಒಬ್ಬೊಬ್ಬರೇ ಗಡಿಯಾರದ ವಿರುದ್ಧ ತುಳಿಯುವ ಓಟಗಳಲ್ಲಿ. ನಾನೂ ಹಾಗೆಯೇ ಬಂದವಳು. ಗಂಟೆಗಟ್ಟಲೆ ತುಳಿಯುವ ದಮ್ಮು ನಮಗೆ ಎಳವೆಯಲ್ಲೇ ಬರುತ್ತದೆ, ಆದರೆ ಒಂದೇ ಏಟಿಗೆ ಚಿಮ್ಮುವ ಶಕ್ತಿಯನ್ನು ಆಮೇಲೆ ದುಡಿದು ಸಂಪಾದಿಸಬೇಕಾಗುತ್ತದೆ. ದೂರದ ಓಟದಿಂದ ಬಂದವರಿಗೆ ಕೀರಿನ್ ಒಗ್ಗುವುದಿಲ್ಲ ಎಂದು ಹೇಳುವವರಿಗೆ ನಾನು ನ್ಯೂಜಿಲೆಂಡ್‌ನ ಎಲೆಸ್ ಆಂಡ್ರ್ಯೂಸ್ ಅವರನ್ನು ತೋರಿಸುತ್ತೇನೆ. 2017ರಲ್ಲಿ ದಮ್ಮಿನ ಓಟವಾದ ಪರ್ಸೂಟ್‌ನ ಜೂನಿಯರ್ ವಿಭಾಗದಲ್ಲಿ ವಿಶ್ವ ಚಾಂಪಿಯನ್ ಆಗಿದ್ದ ಅವರು ಆಮೇಲೆ ಸ್ಪ್ರಿಂಟ್ ವಿಭಾಗಕ್ಕೆ ಬಂದು, ಟೋಕಿಯೊ ಒಲಿಂಪಿಕ್ಸ್‌ನ ಕೀರಿನ್‌ನಲ್ಲಿ ಬೆಳ್ಳಿ, 2023ರಲ್ಲಿ ಗ್ಲಾಸ್ಗೊದಲ್ಲಿ ವಿಶ್ವ ಪಟ್ಟ, 2024ರಲ್ಲಿ ಪ್ಯಾರಿಸ್‌ನಲ್ಲಿ ಚಿನ್ನ ಗೆದ್ದರು.

ಇನ್ನು ಲೆಕ್ಕಕ್ಕೆ ಬರುತ್ತೇನೆ. ಹಿಂಚಕ್ರದ ಗೇರಿನಲ್ಲಿ 14 ಹಲ್ಲು ಇಟ್ಟುಕೊಂಡು ಮುಂದೆ 52 ಹಲ್ಲಿನ ಚೈನ್‌ವೀಲ್ ಹಾಕಿದರೆ ಪೆಡಲ್ ಒಂದು ಸುತ್ತು ತಿರುಗುವಷ್ಟರಲ್ಲಿ ಸೈಕಲ್ ಸುಮಾರು 7.75 ಮೀಟರ್ ಸಾಗುತ್ತದೆ. ಮುಂದೆ 56 ಹಾಕಿದರೆ 8.35 ಮೀಟರ್ ಸಾಗುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಮೊದಲನೆಯದಕ್ಕೆ ನಿಮಿಷಕ್ಕೆ 129 ಸುತ್ತು ತುಳಿಯಬೇಕು, ಎರಡನೆಯದಕ್ಕೆ 120 ಸಾಕು. ಕಾಗದದ ಮೇಲೆ ದೊಡ್ಡ ಗೇರೇ ಲಾಭವೆನಿಸುತ್ತದೆ, ಜಗತ್ತಿನ ಅಗ್ರ ಸವಾರರೆಲ್ಲ ಈಗ ನಮಗಿಂತ ಬಹಳ ದೊಡ್ಡ ಗೇರನ್ನೇ ತುಳಿಯುತ್ತಾರೆ ಎಂಬುದೂ ನಿಜ. ಆದರೆ ಡರ್ನಿ ಇಳಿದ ಕೂಡಲೇ ಮುಂದಿರುವವಳು ಚಿಮ್ಮಿದಾಗ ಅದೇ ಕ್ಷಣದಲ್ಲಿ ಪೆಡಲ್ ವೇಗ ಏರಿಸಲು ತೊಡೆಯಲ್ಲಿ ಬಲವಿಲ್ಲದಿದ್ದರೆ ಅವಳ ಹಿಂಚಕ್ರ ತಪ್ಪಿಹೋಗುತ್ತದೆ. ಹಿಂಚಕ್ರ ತಪ್ಪಿದರೆ ಗಾಳಿಯ ಮರೆ ತಪ್ಪಿದಂತೆ, ಮತ್ತೆ ಅಲ್ಲಿಗೆ ಸೇರಲು ಖರ್ಚಾದ ಬಲ ಕೊನೆಯ ನೇರದಲ್ಲಿ ಸಿಗುವುದಿಲ್ಲ.

ಇದರ ಮೇಲೆ ಚೀಟಿಯ ಅದೃಷ್ಟವೂ ಇದೆ. ಡರ್ನಿಯ ಹಿಂದೆ ಯಾರು ಎಷ್ಟನೆಯವರೆಂಬುದು ಚೀಟಿ ಎತ್ತಿದಾಗಲೇ ತಿಳಿಯುವುದು, ಆ ಹೊತ್ತಿಗೆ ಸೈಕಲ್ ಗೆರೆಗೆ ಹೋಗಲು ಸಿದ್ಧವಾಗಿರುತ್ತದೆ. ಒಂದನೇ ಸ್ಥಾನ ಬಂದವಳಿಗೆ ಒಳಗಿನ ದಾರಿ ಸಿಗುತ್ತದೆ, ಆದರೆ ಹಿಂದೆ ಯಾರು ಏಳುತ್ತಿದ್ದಾರೆಂದು ಕಾಣುವುದಿಲ್ಲ. ಆರನೇ ಸ್ಥಾನದವಳಿಗೆ ಎಲ್ಲರೂ ಕಾಣುತ್ತಾರೆ, ಆದರೆ ಅವಳು ಹೊರಗಿನಿಂದ ಸುತ್ತಿ ಬರಬೇಕು. ನಲವತ್ತು ಡಿಗ್ರಿಗೂ ಹೆಚ್ಚು ವಾಲಿದ ತಿರುವುಗಳಲ್ಲಿ ಟ್ರ್ಯಾಕಿನ ಒಳಅಂಚಿನ ಕಪ್ಪು ಗೆರೆಗಿಂತ ಒಂದು ಮೀಟರ್ ಮೇಲೆ ಓಡಿದರೆ ಒಂದು ಸುತ್ತಿಗೆ ನಾಲ್ಕು ಮೀಟರಿಗೂ ಹೆಚ್ಚು ದೂರ ಮೈಮೇಲೆ ಬೀಳುತ್ತದೆ. ಅದು ಎರಡು ಸೈಕಲ್‌ಗಳ ಉದ್ದಕ್ಕಿಂತ ಹೆಚ್ಚು.

ಮೊದಲ ಓಟಕ್ಕೆ ನಡುವಿನ ದಾರಿಯಾಗಿ 54 ಹಾಕಿದೆವು. ಚೀಟಿಯಲ್ಲಿ ಐದನೇ ಸ್ಥಾನ ಬಂತು. ನಾನು ಸೀಟಿನ ಹಿಂದೆ ಒಂದು ಕೈ, ಹ್ಯಾಂಡಲ್ ಬುಡದಲ್ಲಿ ಇನ್ನೊಂದು ಕೈ ಇಟ್ಟು ನಿಂತೆ. ಶೂ ಪೆಡಲ್‌ಗೆ ಕಚ್ಚಿಕೊಂಡಿದ್ದರೂ ಸ್ಪ್ರಿಂಟ್ ಸವಾರರು ಅದರ ಮೇಲೆ ಪಟ್ಟಿಯನ್ನೂ ಬಿಗಿಯುತ್ತಾರೆ. ಪಟ್ಟಿ ಎಳೆಯುವಾಗ ಸೈಕಲ್ ಒಂದಿಷ್ಟೂ ವಾಲಬಾರದು, ಡರ್ನಿ ಹತ್ತಿರ ಬಂದಾಗ ಸುಮ್ಮನೆ ಕೈ ಬಿಡಬೇಕೇ ಹೊರತು ತಳ್ಳುವಂತಿಲ್ಲ. ನೋಡಲು ಸುಲಭವೆನಿಸುವ ಈ ಕೆಲಸವನ್ನು ನಾನು ಊರಿನಲ್ಲಿ ಗೋಡೆಯ ಪಕ್ಕ ಸೈಕಲ್ ನಿಲ್ಲಿಸಿಕೊಂಡು ಅಭ್ಯಾಸ ಮಾಡಿದ್ದೆ. ಆ ಓಟದಲ್ಲಿ ಅವಳು ನಾಲ್ಕನೆಯವಳಾಗಿ ಮುಗಿಸಿ ರೆಪೆಶಾಜ್‌ಗೆ, ಅಂದರೆ ಸೋತವರಿಗೆ ಸಿಗುವ ಎರಡನೇ ಅವಕಾಶದ ಓಟಕ್ಕೆ, ಬಂದಳು.

ಸೈಕಲನ್ನು ನಿಂತಲ್ಲೇ ತುಳಿಯುವ ರೋಲರ್ ಮೇಲೆ ಕಾಲು ಸಡಿಲಿಸುತ್ತಾ ಅವಳು ಕೇಳಿದ ಮೊದಲ ಮಾತು, "ಅಕ್ಕಾ, ಇನ್ನೆರಡು ಹಲ್ಲು ಏರ್ಸೂಣೇನ್ರಿ? ಕಡೀಕ ಕಾಲು ಬಾಳ ಸುತ್ತಾಕತ್ತಿತ್ತು." ಕೊನೆಯಲ್ಲಿ ಕಾಲು ಗಿರಗಿರನೆ ಸುತ್ತಿದರೆ ಯಾವ ಸವಾರಳಿಗಾದರೂ ಹಾಗೆಯೇ ಅನಿಸುತ್ತದೆ. ಕೋಚ್ ಮತ್ತು ನಾನು ಮೊಬೈಲ್‌ನಲ್ಲಿ ತೆಗೆದ ವಿಡಿಯೊವನ್ನು ನಿಧಾನಗತಿಯಲ್ಲಿ ನೋಡಿದೆವು. ಕೊನೆಯ ಅರ್ಧ ಸುತ್ತಿನಲ್ಲಿ ಅವಳು ಯಾರಿಗೂ ಅಂತರ ಬಿಟ್ಟುಕೊಟ್ಟಿರಲಿಲ್ಲ, ಒಬ್ಬಳನ್ನು ಹಿಂದಕ್ಕೂ ಹಾಕಿದ್ದಳು. ಅಂತರ ಬಿದ್ದದ್ದು ಡರ್ನಿ ಇಳಿದ ಮೊದಲ ತಿರುವಿನಲ್ಲಿ, ಮುಂದಿನ ನಾಲ್ವರೂ ಒಟ್ಟಿಗೆ ಎದ್ದಾಗ, ಸುಮಾರು ಒಂದೂವರೆ ಸೈಕಲ್‌ನಷ್ಟು. ಅವಳು ಕೇಳುತ್ತಿದ್ದ ಗೇರ್ ಆ ತಿರುವನ್ನು ಇನ್ನಷ್ಟು ಕಷ್ಟ ಮಾಡುತ್ತಿತ್ತು. ಆದ್ದರಿಂದ ಏರಿಸುವ ಬದಲು 52ಕ್ಕೆ ಇಳಿಸಿ, ದಮ್ಮು ಅವಳ ಬಂಡವಾಳವಾಗಿರುವುದರಿಂದ ಎರಡು ಸುತ್ತು ಬಾಕಿ ಇರುವಾಗಲೇ ಮುಂದೆ ಹೋಗಿ ಅಲ್ಲಿಂದ ಬಿಡದೆ ಎಳೆಯುವುದೆಂದು ಕೋಚ್ ತೀರ್ಮಾನಿಸಿದರು. ಅವಳ ಮುಖ ಸಣ್ಣದಾಯಿತು, ಆದರೆ ವಿಡಿಯೊ ನೋಡಿದ ಮೇಲೆ ವಾದಿಸಲಿಲ್ಲ.

ಚೈನ್‌ವೀಲ್ ಬದಲಿಸುವುದೆಂದರೆ ಐದು ಬೋಲ್ಟ್ ಬಿಚ್ಚಿ ಕಟ್ಟುವಷ್ಟೇ ಅಲ್ಲ. ಹಲ್ಲು ಕಡಿಮೆಯಾದಾಗ ಚೈನ್ ಸಡಿಲವಾಗುತ್ತದೆ, 15 ಮಿ.ಮೀ. ಪಾನಾದಿಂದ ಹಿಂದಿನ ನಟ್ ಸಡಿಲಿಸಿ ಚಕ್ರವನ್ನು ಹಿಂದಕ್ಕೆ ಎಳೆಯಬೇಕು. ಚೈನ್‌ವೀಲ್ ನಡುಮಧ್ಯಕ್ಕೆ ಕೂರದಿದ್ದರೆ ಪೆಡಲ್ ತಿರುಗಿಸಿದಂತೆ ಚೈನ್ ಒಂದು ಕಡೆ ಬಿಗಿಯಾಗಿ, ಇನ್ನೊಂದು ಕಡೆ ಜೋಲುತ್ತದೆ. ಆಗ ಬೋಲ್ಟ್‌ಗಳನ್ನು ಅರೆಬಿಗಿಯಲ್ಲಿಟ್ಟು, ಬಿಗಿಯಾದ ಜಾಗದಲ್ಲಿ ಪಾನಾದ ಹಿಡಿಯಿಂದ ಚೈನನ್ನು ಮೆಲ್ಲಗೆ ತಟ್ಟುತ್ತಾ, ಸುತ್ತಿಸಿ ನೋಡುತ್ತಾ, ಎಲ್ಲ ಕಡೆ ಒಂದೇ ಹದ ಬರುವವರೆಗೆ ಸರಿಪಡಿಸಿ ಆಮೇಲೆ ಪೂರ್ತಿ ಬಿಗಿಯುತ್ತೇನೆ. ಚೈನ್ ಅತಿಯಾಗಿ ಬಿಗಿದರೆ ಬಲ ಪೋಲಾಗುತ್ತದೆ, ಸಡಿಲವಿದ್ದು ಹಲ್ಲಿನಿಂದ ಜಾರಿದರೆ ಬ್ರೇಕಿಲ್ಲದ ಸೈಕಲ್‌ನ ಜೊತೆಗೆ ಹಿಂದಿನವರೂ ಬೀಳುತ್ತಾರೆ.

ರೆಪೆಶಾಜ್‌ನಲ್ಲಿ ಚೀಟಿಯಲ್ಲಿ ಅವಳಿಗೆ ಮೂರನೇ ಸ್ಥಾನ ಬಂತು. ಡರ್ನಿ ಇಳಿದಾಗ ಈ ಸಲ ಅಂತರ ಬೀಳಲಿಲ್ಲ. ಎರಡು ಸುತ್ತು ಬಾಕಿ ಇರುವಾಗ ಹೊರಗಿನಿಂದ ಎದ್ದು, ತಿರುವಿಗೆ ಮುನ್ನವೇ ಕೆಂಪು ಗೆರೆಯೊಳಗೆ ಇಳಿದಳು. ಮುಂದಿರುವವಳು ಆ ಗೆರೆಯೊಳಗೆ ಇರುವಷ್ಟು ಹೊತ್ತು ಹಿಂದಿನವರು ಹೊರಗಿನಿಂದಲೇ ದಾಟಬೇಕು. ಕೊನೆಯ ಸುತ್ತಿನ ಗಂಟೆ ಬಾರಿಸಿದಾಗಲೂ ಅವಳೇ ಮುಂದಿದ್ದಳು. ಕೊನೆಯ ನೇರದಲ್ಲಿ ಒಬ್ಬಳು ದಾಟಿದಳು, ಎರಡನೇ ಸ್ಥಾನಕ್ಕೆ ಮುಂದಿನ ಸುತ್ತು ಸಿಗಲಿಲ್ಲ. ಆದರೂ ಕೋಚ್ ಅದನ್ನು ಅವಳ ಅತ್ಯುತ್ತಮ ಕೀರಿನ್ ಎಂದೇ ಡೈರಿಯಲ್ಲಿ ಬರೆದುಕೊಂಡರು, ನನ್ನ ಎಣಿಕೆಯೂ ಅದೇ.

ಊರಿಗೆ ಬಂದ ಮೇಲೆ ಜಿಮ್ಮಿನಲ್ಲಿ ಸ್ಕ್ವಾಟ್‌ನ ಭಾರವನ್ನೂ ನಿಂತಲ್ಲಿಂದ ಚಿಮ್ಮುವ ಅಭ್ಯಾಸವನ್ನೂ ಹೆಚ್ಚಿಸಿದ್ದೇವೆ. ಮೋಟಾರು ಬೈಕಿನ ಹಿಂದೆ 50ರ ವೇಗದಲ್ಲಿ ಓಡಿಸಿ, ಬೈಕು ಸರಿದ ಕ್ಷಣ ಅಂತರ ಬೀಳುತ್ತದೆಯೇ ಎಂಬುದೊಂದನ್ನೇ ನೋಡುತ್ತೇವೆ. 52ರಲ್ಲಿ ಈಗ ಬೀಳುತ್ತಿಲ್ಲ, 54ರಲ್ಲಿ ಆಗಾಗ ಬೀಳುತ್ತದೆ. 54ರಲ್ಲೂ ಅಂತರ ಬೀಳುವುದು ನಿಂತ ಮೇಲೆ ಅದರಲ್ಲೇ ಮುಂದಿನ ಋತು ಶುರುಮಾಡುವ ಆಲೋಚನೆ ಇದೆ. 56 ಹಲ್ಲಿನ ಚೈನ್‌ವೀಲ್ ನನ್ನ ಪೆಟ್ಟಿಗೆಯಲ್ಲಿದೆ, ವಾರಕ್ಕೊಮ್ಮೆಯಾದರೂ ಅವಳು ಅದರ ವಿಷಯ ಕೇಳುತ್ತಾಳೆ.