ಮಾತ್ರೆ, ಕಾಪರ್ ಟಿ ಏನೂ ಇಲ್ದೆ ಪ್ರೆಗ್ನೆನ್ಸಿ ತಪ್ಪಿಸೋದು: ನಾವಿಬ್ರೂ ಚಾರ್ಟ್ ಬರ್ದು ಕಲ್ತಿದ್ದು

ಪೀರಿಯಡ್ಸ್ ಮುಗಿದ ಮೇಲೆ ಒಂದು ವಾರ ಸೇಫು, ಮುಂದಿನ ಡೇಟ್‌ಗೆ ಒಂದು ವಾರ ಇರೋವಾಗ ಸೇಫು, ಮಧ್ಯದಲ್ಲಿ ಮಾತ್ರ ಹುಷಾರಾಗಿದ್ರೆ ಸಾಕು. ಮದುವೆಯಾದ ಹೊಸತರಲ್ಲಿ ನಮಗೆ ಗೊತ್ತಿದ್ದಿದ್ದು ಇಷ್ಟೇ, ಹೇಳ್ಕೊಟ್ಟೋರಿಗೂ ಅಷ್ಟೇ ಗೊತ್ತಿತ್ತು ಅನ್ಸುತ್ತೆ. ಇದ್ರಲ್ಲಿ ಎರಡನೇ ಮಾತು ಹೆಚ್ಚುಕಮ್ಮಿ ಸರಿ, ಮೊದಲನೇದೇ ಎಷ್ಟೋ ಜನರನ್ನ ಬೀಳಿಸಿರೋದು.

ಯಾಕೆ ಅಂತ ಲೆಕ್ಕ ಹಾಕಿ ನೋಡಿ. ಅಂಡಾಶಯದಿಂದ ಹೊರಗೆ ಬಂದ ಮೊಟ್ಟೆ ಬದುಕೋದು 12ರಿಂದ 24 ಗಂಟೆ ಅಷ್ಟೇ, ಆದ್ರೆ ವೀರ್ಯಾಣು ಒಳಗೆ 5 ದಿನದವರೆಗೂ ಕಾಯ್ಕೊಂಡು ಕೂತಿರಬಲ್ದು. ಹಾಗಾಗಿ ಓವ್ಯುಲೇಷನ್ ದಿನ, ಅಂದ್ರೆ ಮೊಟ್ಟೆ ಹೊರಗೆ ಬರೋ ದಿನ, ಮತ್ತೆ ಅದರ ಹಿಂದಿನ 5 ದಿನ, ಒಟ್ಟು 6 ದಿನ ಗರ್ಭ ನಿಲ್ಲೋ ಕಾಲ. 25 ದಿನದ ಸೈಕಲ್ (ಪೀರಿಯಡ್ಸ್ ಶುರುವಾದ ದಿನವೇ 1ನೇ ದಿನ, ಅಲ್ಲಿಂದ ಮುಂದಿನ ಪೀರಿಯಡ್ಸ್ ಹಿಂದಿನ ದಿನದವರೆಗೆ ಎಣಿಸೋದು) ಇರೋರಿಗೆ 11ನೇ ದಿನ ಓವ್ಯುಲೇಷನ್ ಆಯ್ತು ಅಂದ್ಕೊಳ್ಳಿ, ಅಪಾಯ ಶುರುವಾಗೋದು 6ನೇ ದಿನಕ್ಕೆ, ಅಂದ್ರೆ ಬ್ಲೀಡಿಂಗ್ ಇನ್ನೂ ಸರಿಯಾಗಿ ನಿಂತಿರೋದೂ ಇಲ್ಲ. ಇನ್ನೊಂದು ವಿಷಯ, ಓವ್ಯುಲೇಷನ್ ಆದ್ಮೇಲೆ ಪೀರಿಯಡ್ಸ್ ಬರೋವರೆಗಿನ ದಿನಗಳು ಒಬ್ಬಳಿಗೆ ಸಾಮಾನ್ಯವಾಗಿ ಅಷ್ಟೇ ಇರ್ತವೆ, ಎರಡು ವಾರದ ಆಸುಪಾಸು. ಹಿಗ್ಗೋದು ಕುಗ್ಗೋದು ಎಲ್ಲಾ ಅದಕ್ಕಿಂತ ಮುಂಚಿನ ಭಾಗ. ಟೆನ್ಶನ್‌ಗೆ ಪೀರಿಯಡ್ಸ್ ಲೇಟಾಯ್ತು ಅಂತೀವಲ್ಲ, ನಿಜವಾಗಿ ಲೇಟಾಗಿದ್ದು ಓವ್ಯುಲೇಷನ್ನು. ಇದೊಂದು ತಲೆಗೆ ಹೋದ್ರೆ ಮಿಕ್ಕಿದ್ದೆಲ್ಲಾ ತಾನಾಗೇ ಅರ್ಥ ಆಗ್ತಾ ಹೋಗುತ್ತೆ.

ಈಗ ಶುರು ಮಾಡೋದು ಹೇಗೆ ಅಂತ. ಮೊದಲ ಮೂರು ಸೈಕಲ್ ಬರೀ ನೋಡೋದು ಬರೆಯೋದು ಅಷ್ಟೇ, ಅದನ್ನ ನಂಬಿಕೊಂಡು ಸೇರೋ ಹಾಗಿಲ್ಲ, ಆ ಮೂರು ತಿಂಗಳು ಕಾಂಡೋಮ್ ಇರ್ಲಿ ಇಲ್ಲಾ ದೂರ ಇರಿ. ಮಾತ್ರೆ ತಗೊಳ್ತಾ ಇದ್ದು ಈಗ ತಾನೇ ಬಿಟ್ಟಿರೋರು ಇನ್ನೂ ಜಾಸ್ತಿ ದಿನ ಕಾಯಬೇಕಾಗಬಹುದು, ಯಾಕಂದ್ರೆ ಸೈಕಲ್ ತನ್ನ ದಾರಿಗೆ ಬರೋಕೆ ಟೈಮ್ ತಗೊಳ್ಳುತ್ತೆ. ಸಾಧ್ಯವಾದ್ರೆ ಇದನ್ನ ಕಲಿಸೋಕೆ ಬರೋ ನರ್ಸ್ ಅಥವಾ ಡಾಕ್ಟರ್ ಹತ್ರ ಒಂದೆರಡು ಸಲ ಕೂತು ಚಾರ್ಟ್ ತೋರಿಸಿ, ಓದಿ ಕಲಿಯೋದಕ್ಕೂ ಇನ್ನೊಬ್ರು ನಮ್ಮ ಚಾರ್ಟ್ ಮೇಲೆ ಬೆರಳಿಟ್ಟು ತಪ್ಪು ತೋರಿಸೋದಕ್ಕೂ ತುಂಬಾ ವ್ಯತ್ಯಾಸ ಇದೆ.

ಬರೀಬೇಕಾಗಿರೋದು ಎರಡು ವಿಷಯ, ಬೆಳಿಗ್ಗೆಯ ಟೆಂಪರೇಚರ್ ಮತ್ತೆ ಬಿಳಿ ಹೋಗೋದ್ರ ರೀತಿ.

ಟೆಂಪರೇಚರ್‌ಗೆ ಪಾಯಿಂಟ್ ಆದ್ಮೇಲೆ ಎರಡು ಅಂಕಿ ತೋರಿಸೋ ಥರ್ಮಾಮೀಟರ್ ಬೇಕು, ಜ್ವರ ನೋಡೋಕೆ ಇಟ್ಕೊಂಡಿರೋದು ಸಾಮಾನ್ಯವಾಗಿ ಸಾಲಲ್ಲ. ಎದ್ದ ತಕ್ಷಣ, ಹಾಸಿಗೆಯಿಂದ ಇಳಿಯೋಕೆ ಮುಂಚೆ, ನೀರು ಕುಡಿಯೋಕೆ ಮುಂಚೆ, ನಾಲಿಗೆ ಕೆಳಗೆ ಇಡೋದು, ಬೀಪ್ ಆದ್ರೂ ತೆಗೀದೆ ಒಟ್ಟು 3 ನಿಮಿಷ. ಕನಿಷ್ಠ ಮೂರು ಗಂಟೆ ಒಂದೇ ಸಮ ನಿದ್ದೆ ಆಗಿರ್ಬೇಕು. ಓವ್ಯುಲೇಷನ್ ಆದ್ಮೇಲೆ ಪ್ರೊಜೆಸ್ಟರಾನ್ ಹಾರ್ಮೋನ್ ಏರುತ್ತೆ, ಅದ್ರಿಂದ ಮೈ ಬಿಸಿ 0.2 ಡಿಗ್ರಿ ಸೆಲ್ಸಿಯಸ್ ಅಥವಾ ಸ್ವಲ್ಪ ಜಾಸ್ತಿ ಮೇಲೆ ಹೋಗಿ ಪೀರಿಯಡ್ಸ್ ಬರೋವರೆಗೂ ಅಲ್ಲೇ ನಿಲ್ಲುತ್ತೆ. ಇದು ಆದ್ಮೇಲೆ ಹೇಳೋ ಸೂಚನೆ ನೆನಪಿರ್ಲಿ, ಆಗೋಕೆ ಮುಂಚೆ ಏನೂ ಹೇಳಲ್ಲ.

ಮುಂಚೆ ಹೇಳೋದು ಬಿಳಿ. ಗರ್ಭಕಂಠದಿಂದ ಬರೋ ಲೋಳೆ ಅದು. ನಾಚ್ಕೋಬೇಡಿ, ಬಾತ್‌ರೂಮ್‌ಗೆ ಹೋದಾಗೆಲ್ಲಾ ಒರೆಸ್ಕೊಂಡು ನೋಡಿ ಎರಡು ಬೆರಳ ಮಧ್ಯ ಎಳೆದು ನೋಡ್ಬೇಕು ಅಷ್ಟೇ. ಪೀರಿಯಡ್ಸ್ ಆದ್ಮೇಲೆ ಸಾಮಾನ್ಯವಾಗಿ ಒಂದಷ್ಟು ದಿನ ಒಣಒಣ, ಆಮೇಲೆ ಅಂಟಂಟು, ಆಮೇಲೆ ಕ್ರೀಮ್ ಥರ, ಆಮೇಲೆ ಹಸಿ ಮೊಟ್ಟೆಯ ಬಿಳಿ ಲೋಳೆ ಥರ ನೀರಾಗಿ, ಜಾರೋ ಹಾಗೆ, ಎಳೆದ್ರೆ ತುಂಡಾಗದೆ ದಾರದ ಹಾಗೆ ಬರುತ್ತೆ. ಕೆಲವರಿಗೆ ಇಷ್ಟು ಕ್ಲಿಯರ್ ಆಗಿ ಕಾಣಲ್ಲ, ಆದ್ರೆ ನಡೆಯುವಾಗ ಕೆಳಗೆ ಒದ್ದೆ ಜಾರಿದ ಹಾಗೆ ಅನ್ನಿಸೋದು ಗೊತ್ತಾಗುತ್ತೆ, ಅದನ್ನೂ ಬರೀಬೇಕು. ರಾತ್ರಿ ಮಲಗೋ ಮುಂಚೆ ಆ ದಿನ ಕಂಡಿದ್ದರಲ್ಲಿ ಅತೀ ಹೆಚ್ಚು ಒದ್ದೆ ಯಾವುದೋ ಅದನ್ನೇ ಬರೆಯೋದು. ದಿನವಿಡೀ ಒಣಗಿದ್ದು ಸಾಯಂಕಾಲ ಒಂದೇ ಸಲ ಜಾರಿದ್ರೂ ಆ ದಿನ ಜಾರಿದ ದಿನವೇ. ಅಂಥಾ ಜಾರೋ ಲೋಳೆಯ ಕೊನೇ ದಿನಕ್ಕೆ ಪೀಕ್ ಅಂತಾರೆ, ತಮಾಷೆ ಏನಂದ್ರೆ ಅದು ಪೀಕ್ ಆಗಿತ್ತು ಅಂತ ಗೊತ್ತಾಗೋದು ಮಾರನೇ ದಿನ ಒಣಗಿದಾಗ್ಲೇ. ಸೇರಿದ ಮಾರನೇ ದಿನ ವೀರ್ಯ ಇನ್ನೂ ಇಳೀತಾ ಇರುತ್ತೆ, ಅದನ್ನೇ ಲೋಳೆ ಅಂದ್ಕೊಳ್ಳೋದು ಅಥವಾ ಲೋಳೆನ ವೀರ್ಯ ಅಂದ್ಕೊಳ್ಳೋದು ಎರಡೂ ಆಗುತ್ತೆ. ಡೌಟ್ ಬಂದ್ರೆ ಅದನ್ನ ಲೋಳೆ ಅಂತಲೇ ಬರೀರಿ. ತುರಿಕೆ, ವಾಸನೆ, ಒಡೆದ ಹಾಲಿನ ಥರ ಬಿಳಿ ಇದ್ರೆ ಅದು ಇನ್ಫೆಕ್ಷನ್, ಡಾಕ್ಟರಿಗೆ ತೋರಿಸಿ, ಆ ಸೈಕಲ್‌ನ ಲೋಳೆ ಲೆಕ್ಕ ನಂಬಬೇಡಿ. ನೆಗಡಿಗೆ ತಗೊಳ್ಳೋ ಅಲರ್ಜಿ ಮಾತ್ರೆಗಳೂ ಲೋಳೆ ಒಣಗಿಸಬಲ್ಲವು.

ನಮ್ಮದೇ ಒಂದು ಚಾರ್ಟ್ ತೋರಿಸ್ತೀನಿ. 9ನೇ ದಿನದಿಂದ 14ರವರೆಗೆ 36.45, 36.40, 36.45, 36.35, 36.40, 36.45. 15ನೇ ದಿನ 36.60, 16ಕ್ಕೆ 36.70, 17ಕ್ಕೆ 36.75. ರೂಲ್ ಏನಪ್ಪಾ ಅಂದ್ರೆ ಸತತ ಮೂರು ದಿನದ ಟೆಂಪರೇಚರ್ ಹಿಂದಿನ ಆರೂ ದಿನಕ್ಕಿಂತ ಮೇಲಿರ್ಬೇಕು, ಮೂರನೇದು ಆ ಆರರಲ್ಲಿ ಅತೀ ಹೆಚ್ಚು ಇದ್ದಿದ್ದಕ್ಕಿಂತ ಕನಿಷ್ಠ 0.2 ಜಾಸ್ತಿ ಇರ್ಬೇಕು. ಇಲ್ಲಿ 36.45ಕ್ಕೆ 0.2 ಕೂಡಿದ್ರೆ 36.65, ನಮ್ಮದು 36.75, ಪಾಸ್. ಆ ಸಲ ಪೀಕ್ 14ನೇ ದಿನ, ಅದಾದ್ಮೇಲೆ ಪೂರ್ತಿ ಮೂರು ದಿನ ಕಳೀಬೇಕು ಅಂದ್ರೆ 17. ಎರಡೂ 17ಕ್ಕೇ ಬಂದು ನಿಂತವು, ಸೋ 17ರ ಸಾಯಂಕಾಲದಿಂದ ಪೀರಿಯಡ್ಸ್ ಬರೋವರೆಗೂ ಆರಾಮ್. ಪೀಕ್ 15ಕ್ಕೆ ಆಗಿದ್ದಿದ್ರೆ 18ರವರೆಗೂ ಕಾಯಬೇಕಿತ್ತು, ಎರಡರಲ್ಲಿ ಯಾವುದು ತಡವೋ ಅದೇ ಲೆಕ್ಕ.

ಇನ್ನು ಸೈಕಲ್‌ನ ಮೊದಲ ಭಾಗ, ಅಂದ್ರೆ ಪೀರಿಯಡ್ಸ್ ಶುರುವಾದಾಗಿಂದ ಲೋಳೆ ಕಾಣೋವರೆಗೆ, ಇಲ್ಲಿ ಮೋಸ ಹೋಗೋದು ಜಾಸ್ತಿ. ಹಳೇ ಕ್ಯಾಲೆಂಡರ್ ಲೆಕ್ಕ ಒಂದಿದೆ, ಜಪಾನಿನ ಒಗಿನೊ ಮತ್ತೆ ಆಸ್ಟ್ರಿಯಾದ ಕ್ನೌಸ್ ಅನ್ನೋ ಡಾಕ್ಟರ್‌ಗಳು 1920ರ ದಶಕದಲ್ಲಿ ಮಾಡಿದ ಕೆಲಸದಿಂದ ಬಂದಿದ್ದು. ಕನಿಷ್ಠ 6 ಸೈಕಲ್ ಬರೆದಿಟ್ಕೊಂಡು ಅದರಲ್ಲಿ ಅತೀ ಚಿಕ್ಕದ್ರಿಂದ 18 ಕಳೀರಿ, ಅತೀ ದೊಡ್ಡದ್ರಿಂದ 11 ಕಳೀರಿ. ನಂದು 26ರಿಂದ 31, ಅಂದ್ರೆ 8ನೇ ದಿನದಿಂದ 20ನೇ ದಿನದವರೆಗೆ ಬೇಡ. ಬರೀ ಇದನ್ನೇ ನಂಬೋದು ನನಗಂತೂ ಧೈರ್ಯ ಸಾಲಲ್ಲ, ಆದ್ರೆ ಈ ಮೊದಲ ಭಾಗಕ್ಕೆ ಎರಡನೇ ಬೀಗದ ಥರ ಇಟ್ಕೊಂಡಿದೀನಿ. 8ನೇ ದಿನ ಬಂದ್ರೆ ಒಣಗಿದ್ರೂ ನಿಲ್ಸೋದು, 8 ಬರೋಕೆ ಮುಂಚೇನೇ ಲೋಳೆ ಕಂಡ್ರೆ ಅವತ್ತೇ ನಿಲ್ಸೋದು. ಸೈಕಲ್ ಯಾವಾಗ್ಲೂ 26ರಿಂದ 32 ದಿನದೊಳಗೆ ಇರೋರಿಗೆ 8ರಿಂದ 19ನೇ ದಿನ ಬಿಡಿ ಅನ್ನೋ ಇನ್ನೂ ಸರಳವಾದ ವಿಧಾನನೂ ಇದೆ, ಬಣ್ಣದ ಮಣಿ ಸರದಲ್ಲಿ ದಿನಕ್ಕೊಂದು ಮಣಿ ದಾಟಿಸ್ತಾ ಎಣಿಸೋದು.

ಇದು ಎಷ್ಟು ಕೆಲಸ ಮಾಡುತ್ತೆ ಅಂತ ಎಲ್ರೂ ಕೇಳ್ತಾರೆ. ಟೆಂಪರೇಚರ್ ಮತ್ತೆ ಲೋಳೆ ಎರಡೂ ಸೇರಿಸಿ ನೋಡೋ ವಿಧಾನದ ಬಗ್ಗೆ 2007ರಲ್ಲಿ ಜರ್ಮನಿಯಿಂದ ಒಂದು ಸ್ಟಡಿ ಬಂತು, 900 ಹೆಂಗಸರು, ಅದರಲ್ಲಿ ವರ್ಷಕ್ಕೆ 100ರಲ್ಲಿ 1.8 ಜನ ಪ್ರೆಗ್ನೆಂಟ್ ಆಗಿದ್ರು, ರೂಲ್ ಒಂದಿಷ್ಟೂ ಮುರೀದೆ ಇದ್ದ ಸೈಕಲ್‌ಗಳನ್ನಷ್ಟೇ ತಗೊಂಡ್ರೆ 0.4. ಕೇಳೋಕೆ ಮಾತ್ರೆಯಷ್ಟೇ ಚೆನ್ನಾಗಿದೆ. ಆದ್ರೆ ಅವರೆಲ್ಲಾ ಸರಿಯಾಗಿ ಕಲ್ತು ಮಾಡ್ತಿದ್ದೋರು. ಈ ಜಾತಿಯ ಎಲ್ಲಾ ವಿಧಾನಗಳನ್ನ ಒಟ್ಟು ಸೇರಿಸಿ, ಜನ ನಿಜ ಜೀವನದಲ್ಲಿ ಮಾಡೋ ಹಾಗೆ ನೋಡಿದ್ರೆ ವರ್ಷಕ್ಕೆ 100ರಲ್ಲಿ 2ರಿಂದ 23 ಅಂತ ಹೇಳ್ತಾರೆ. ಆ 2ಕ್ಕೂ 23ಕ್ಕೂ ಮಧ್ಯ ಏನಿದೆ ಅಂದ್ರೆ, ಯಾವ ವಿಧಾನ ಅನ್ನೋದು ಒಂದು, ಇನ್ನೊಂದು "ಒಂದಿನ ಏನಾಗಲ್ಲ ಬಿಡೇ" ಅನ್ನೋ ಮಾತು.

ಆ ಮಾತು ಬರೋದೂ ಸರಿಯಾಗಿ ಅದೇ ದಿನಗಳಲ್ಲಿ, ಯಾಕಂದ್ರೆ ಹೆಂಗಸರಿಗೂ ಮನಸ್ಸು ಜಾಸ್ತಿ ಆಗೋದು ಓವ್ಯುಲೇಷನ್ ಹತ್ರಾನೇ. ಯಾರೂ ಇದನ್ನ ಮುಂಚೆ ಹೇಳಲ್ಲ. ತಿಂಗಳಲ್ಲಿ 10-12 ದಿನ ಬೇಡ ಅನ್ನೋ ದಿನಗಳು, ಮೊದಲ ಆರು ತಿಂಗಳು ನಮ್ಮನೇಲಿ ಮುನಿಸೇ ಮುನಿಸು. ಥರ್ಮಾಮೀಟರ್ ನಂದು, ಪುಸ್ತಕ ನಂದು, ಬೇಡ ಅನ್ನೋ ಬಾಯೂ ನಂದು, ನಮ್ಮನೆಯವ್ರು ಪಾಪ ಪರ್ಮಿಷನ್ ಕೇಳೋ ಹುಡುಗನ ಥರ "ಇವತ್ತು ಏನು" ಅಂತ ಮುಖ ನೋಡೋರು. ಒಂದಿನ ಸಿಟ್ಟಲ್ಲಿ ಪೆನ್ನು ಪುಸ್ತಕ ಅವರ ಕೈಗೆ ಕೊಟ್ಟುಬಿಟ್ಟೆ. ಈಗ ಬೆಳಿಗ್ಗೆ ನಾನು ಕಣ್ಣು ಮುಚ್ಕೊಂಡೇ ಥರ್ಮಾಮೀಟರ್ ಚಾಚ್ತೀನಿ, ಅವರು ಮೊಬೈಲ್ ಬೆಳಕಲ್ಲಿ ಓದಿ ಬರೀತಾರೆ, ರಾತ್ರಿ ಲೋಳೆ ಹೇಗಿತ್ತು ಅಂತ ಕೇಳಿ ಅದನ್ನೂ ಅವರೇ ಬರೀತಾರೆ. ಬೇಡ ಅನ್ನೋದು ಈಗ ಚಾರ್ಟು, ನಾನಲ್ಲ. ನೀವು ಶುರು ಮಾಡೋದಾದ್ರೆ ಮೊದಲ ದಿನದಿಂದಲೇ ಪೆನ್ನು ಗಂಡನ ಕೈಲಿರ್ಲಿ. ಬೇಡ ಅಂದ್ರೆ ಕೇಳದೇ ಇರೋ ಗಂಡಸಿನ ಜೊತೆ ಈ ವಿಧಾನ ನಡೆಯಲ್ಲ, ಮುಚ್ಚುಮರೆ ಇಲ್ದೆ ಹೇಳ್ತೀನಿ, ಅಂಥಾ ಕಡೆ ನಿಮ್ಮ ಕೈಯಲ್ಲೇ ಇರೋ ಬೇರೆ ದಾರಿ ನೋಡ್ಕೊಳ್ಳಿ.

ಆ ದಿನಗಳಲ್ಲಿ ಕಾಂಡೋಮ್ ಹಾಕಿದ್ರಾಯ್ತಲ್ಲ ಅಂತೀರಾ, ಹಾಕಬಹುದು, ಆದ್ರೆ ಆಗ ನೀವು ನಂಬಿರೋದು ಚಾರ್ಟನ್ನಲ್ಲ ಕಾಂಡೋಮನ್ನ, ಅದೂ ಅತೀ ಅಪಾಯದ ದಿನ. ಹರಿದ್ರೆ ಎಮರ್ಜೆನ್ಸಿ ಮಾತ್ರೆ 72 ಗಂಟೆಯೊಳಗೆ, ಎಷ್ಟು ಬೇಗ ಆದ್ರೆ ಅಷ್ಟು ಒಳ್ಳೇದು, ಆದ್ರೆ ಅದು ಓವ್ಯುಲೇಷನ್ನನ್ನೇ ಮುಂದಕ್ಕೆ ತಳ್ಳೋ ಮಾತ್ರೆ, ಹಾಗಾಗಿ ಮುಂದಿನ ಪೀರಿಯಡ್ಸ್ ಬರೋವರೆಗೆ ಚಾರ್ಟ್ ನಂಬೋ ಹಾಗಿಲ್ಲ. ಹೊರಗೆ ತೆಗೆಯೋದು ಅಂತೂ ಆ ದಿನಗಳಲ್ಲಿ ಬೇಡವೇ ಬೇಡ.

ಸುತ್ತಮುತ್ತ ಇದನ್ನ ಮಾಡಿರೋರಲ್ಲಿ ಎಲ್ರಿಗೂ ಒಗ್ಗಿಲ್ಲ. ಒಬ್ಬ ಫ್ರೆಂಡ್‌ಗೆ ನೈಟ್ ಶಿಫ್ಟು, ವಾರಕ್ಕೊಂದು ಥರ ನಿದ್ದೆ, ಟೆಂಪರೇಚರ್ ಗೆರೆ ಗರಗಸದ ಹಲ್ಲಿನ ಹಾಗಿತ್ತು, ಅವಳು ಅದನ್ನ ಬಿಟ್ಟು ಬರೀ ಲೋಳೆ ನೋಡೋ ಬಿಲ್ಲಿಂಗ್ಸ್ ವಿಧಾನಕ್ಕೆ ಹೋದ್ಲು, ಎರಡು ವರ್ಷದಿಂದ ಚೆನ್ನಾಗೇ ನಡೀತಿದೆ. ಇನ್ನೊಬ್ಬಳು ಬಾಣಂತಿ, ಮಗುಗೆ 6 ತಿಂಗಳು ಆಗಿಲ್ಲ, ಹಗಲು ರಾತ್ರಿ ಎದೆಹಾಲು ಬಿಟ್ಟು ಬೇರೇನೂ ಕೊಡ್ತಿಲ್ಲ, ಪೀರಿಯಡ್ಸೂ ಬಂದಿಲ್ಲ, ಈ ಮೂರೂ ಇರೋವರೆಗೂ 98 ಪರ್ಸೆಂಟ್‌ಗಿಂತ ಜಾಸ್ತಿ ರಕ್ಷಣೆ ಇರುತ್ತೆ, ಮೂರರಲ್ಲಿ ಒಂದು ತಪ್ಪಿದ್ರೂ ಮುಗೀತು. ಮತ್ತೊಬ್ಬಳು ಮೂರು ತಿಂಗಳು ಬರೆದು "ನನಗೆ ದಿನಾ ಪರೀಕ್ಷೆ ಬರ್ದ ಹಾಗೆ ಆಗುತ್ತೆ" ಅಂತ ಕಾಪರ್ ಟಿ ಹಾಕಿಸ್ಕೊಂಡು ಸುಖವಾಗಿದಾಳೆ, ಅದು ಸೋಲೂ ಅಲ್ಲ ಏನೂ ಅಲ್ಲ. ಪಿಸಿಓಎಸ್ (ಅಂಡಾಶಯದ ಹಾರ್ಮೋನ್ ತೊಂದರೆ) ಇದ್ದು ಸೈಕಲ್ ಸಿಕ್ಕಾಪಟ್ಟೆ ಹಿಂದೆಮುಂದೆ ಆಗೋರು, ಮುಟ್ಟು ನಿಲ್ಲೋ ವಯಸ್ಸಿಗೆ ಬಂದೋರು, ಮತ್ತೆ ಮುಖ್ಯವಾಗಿ ಈಗ ಪ್ರೆಗ್ನೆಂಟ್ ಆದ್ರೆ ಜೀವಕ್ಕೇ ಅಪಾಯ ಅಂತ ಡಾಕ್ಟರ್ ಹೇಳಿರೋರು ಇದರ ಮೇಲೆ ಭಾರ ಹಾಕಬೇಡಿ. ಲೈಂಗಿಕ ರೋಗ ತಡೆಯೋ ಶಕ್ತಿ ಇದಕ್ಕಿಲ್ಲ ಅನ್ನೋದಂತೂ ಗೊತ್ತೇ ಇದೆ.

ಆ್ಯಪ್ ಬಗ್ಗೆ ಒಂದು ಮಾತು. ಎಷ್ಟೋ ಆ್ಯಪ್‌ಗಳು ಹಿಂದಿನ ಡೇಟ್ ನೋಡಿ ಮುಂದಿಂದು ಊಹೆ ಮಾಡಿ ಹಸಿರು ಕೆಂಪು ತೋರಿಸ್ತವೆ, ನಿಮಗೆ ಈ ತಿಂಗಳು ಟೈಫಾಯ್ಡ್ ಬಂದಿದ್ದು ಅವಕ್ಕೆ ಗೊತ್ತಿರಲ್ಲ. ಬರೆದಿಡೋಕೆ ಬಳಸಿ, ತೀರ್ಮಾನ ನೀವೇ ಮಾಡಿ. ಮೂತ್ರದಲ್ಲಿ ಅದ್ದಿ ನೋಡೋ ಓವ್ಯುಲೇಷನ್ ಸ್ಟ್ರಿಪ್ ಕೂಡ ಮಗು ಬೇಕು ಅನ್ನೋರಿಗೆ ಸರಿ, ಬೇಡ ಅನ್ನೋರಿಗೆ ಅದು ಒಂದೂವರೆ ದಿನ ಮುಂಚೆ ಹೇಳಿದ್ರೆ ಏನು ಬಂತು, ವೀರ್ಯಾಣು 5 ದಿನದಿಂದ ಒಳಗೇ ಇರುತ್ತಲ್ಲ.

ಜ್ವರ ಅಂದಾಗ ನೆನಪಾಯ್ತು, ನಾವು ಎಡವಿದ್ದು ಅಲ್ಲೇ. ಎರಡನೇ ವರ್ಷ, 14ನೇ ದಿನದಿಂದ ಮೂರು ದಿನ ಮೈ ಬೆಚ್ಚಗಿತ್ತು, ಟೆಂಪರೇಚರ್ ಮೇಲೆ, ನಾವು ಖುಷಿಯಾಗಿ ಮೂರು ಗೆರೆ ಎಣಿಸಿ ಪಾಸ್ ಅಂದ್ವಿ, ಲೋಳೆ ಇನ್ನೂ ಜಾರ್ತಾನೇ ಇತ್ತು ಅನ್ನೋದನ್ನ ಇಬ್ರೂ ನೋಡಿಯೂ ನೋಡದ ಹಾಗೆ ಬಿಟ್ವಿ. ಮುಗೀತಲ್ಲ ಅಂತ ಅಳೆಯೋದೂ ನಿಲ್ಸಿದ್ವಿ. 31 ದಾಟ್ತು, 35 ದಾಟ್ತು, ಎರಡು ಟೆಸ್ಟ್ ನೆಗೆಟಿವ್, ಆದ್ರೂ ಇಬ್ಬರಿಗೂ ಊಟ ಸೇರ್ತಿರ್ಲಿಲ್ಲ, 41ನೇ ದಿನ ಪೀರಿಯಡ್ಸ್ ಬಂತು. ಜ್ವರಕ್ಕೆ ಓವ್ಯುಲೇಷನ್ನೇ ಮುಂದಕ್ಕೆ ಹೋಗಿತ್ತು, ನಾವು ಎಣಿಸಿದ್ದು ಜ್ವರದ ಗೆರೆ. ಈಗ ಜ್ವರ, ಪ್ರಯಾಣ, ನಿದ್ದೆಗೆಟ್ಟ ರಾತ್ರಿ, ಹಿಂದಿನ ರಾತ್ರಿ ಕುಡಿದಿದ್ದು, ಏನಿದ್ರೂ ಆ ದಿನದ ಅಂಕಿಗೆ ಕಂಸ ಹಾಕಿ ಲೆಕ್ಕದಿಂದ ಬಿಡ್ತೀವಿ, ಲೋಳೆ ಒಪ್ಪದೆ ಟೆಂಪರೇಚರ್ ಒಂದನ್ನೇ ನಂಬಲ್ಲ, ಪಾಸ್ ಆದ್ಮೇಲೂ ಪೀರಿಯಡ್ಸ್ ಬರೋವರೆಗೆ ದಿನಾ ಅಳೀತೀವಿ. ಏರಿದ ಟೆಂಪರೇಚರ್ 18 ದಿನಕ್ಕೂ ಮೀರಿ ಇಳೀದೇ ನಿಂತ್ರೆ ಟೆಸ್ಟ್ ಮಾಡಿಸೋ ಹೊತ್ತು. ಆವತ್ತು ಅಳೀತಾ ಇದ್ದಿದ್ರೆ 28ರ ಸುಮಾರಿಗೆ ನಿಜವಾದ ಏರಿಕೆ ಕಂಡಿರೋದು, ಎರಡು ಟೆಸ್ಟ್ ಕಿಟ್ ದುಡ್ಡೂ ಉಳೀತಿತ್ತು, ಅಷ್ಟು ದಿನದ ನಿದ್ದೆನೂ.